ಟೇಗಲ್ ಸೆರೆಮನೆಯಲ್ಲಿ ಸತ್ಯವೇದ: ಬೋನ್‌ಹಾಫರ್ ಪತ್ರಗಳ ಕುರಿತು ಒಂದು ಟಿಪ್ಪಣಿ

ಸಂಕಟದ ಕಾಲದಲ್ಲಿ ಸತ್ಯವೇದದ ಓದು ತಮ್ಮನ್ನು ನಿಲ್ಲಿಸಿತು ಎಂದು ಹೇಳಿಕೊಂಡವರು ಬಹಳ ಮಂದಿ. ಅದನ್ನು ಆಧಾರ ಸಮೇತ ಪರಿಶೀಲಿಸುವುದು ಮಾತ್ರ ಸುಲಭವಲ್ಲ. ಇಂಥ ಸಾಕ್ಷಿಗಳಲ್ಲಿ ಹೆಚ್ಚಿನವು ಸಂಕಟ ಕಳೆದ ಮೇಲೆ ಬರೆದವು, ದಡ ಸೇರಿದವರ ಮಾತುಗಳು. ದಡ ಸೇರಿದವರಿಗೆ ನಡುನೀರಿನ ಭಯ ಅರ್ಧ ಮರೆತಿರುತ್ತದೆ. ಜರ್ಮನಿಯ ದೇವಶಾಸ್ತ್ರಜ್ಞ ಡೀಟ್ರಿಶ್ ಬೋನ್‌ಹಾಫರ್ ಅವರ ವಿಷಯ ಬೇರೆ. ಅವರು ದಡ ಸೇರಲಿಲ್ಲ. 1943ರ ಏಪ್ರಿಲ್ 5ರಂದು ಬಂಧಿತರಾದ ಅವರನ್ನು 1945ರ ಏಪ್ರಿಲ್ 9ರ ಮುಂಜಾನೆ ಫ್ಲಾಸೆನ್‌ಬ್ಯುರ್ಗ್ ಯಾತನಾಶಿಬಿರದಲ್ಲಿ ಗಲ್ಲಿಗೇರಿಸಲಾಯಿತು. ಆಗ ಅವರ ವಯಸ್ಸು 39. ನಡುವಿನ ಎರಡು ವರ್ಷಗಳಲ್ಲಿ ಮೊದಲ ಹದಿನೆಂಟು ತಿಂಗಳನ್ನು ಅವರು ಬರ್ಲಿನ್ನಿನ ಟೇಗಲ್ ಸೆರೆಮನೆಯಲ್ಲಿ ಕಳೆದರು. ಅಲ್ಲಿಂದ ಬರೆದ ಪತ್ರಗಳು ತಾರೀಖು ಸಮೇತ ಉಳಿದಿವೆ.

ಪತ್ರಗಳಲ್ಲಿ ಎರಡು ಬಗೆ. ತಂದೆತಾಯಿಗೆ ಬರೆದವು ತನಿಖಾಧಿಕಾರಿಯ ಕಣ್ಣಿನಡಿ ಹಾದುಹೋಗುತ್ತಿದ್ದವು. ಗೆಳೆಯ ಎಬರ್‌ಹಾರ್ಡ್ ಬೆಥ್ಗೆಗೆ 1943ರ ನವೆಂಬರ್ 18ರಿಂದ ಬರೆದವು ಸ್ನೇಹದಿಂದಿದ್ದ ಕಾವಲುಗಾರನ ಕೈಯಲ್ಲಿ ಗುಟ್ಟಾಗಿ ಹೊರಗೆ ಹೋಗುತ್ತಿದ್ದವು. ಈ ಗುಟ್ಟಿನ ಪತ್ರಗಳನ್ನು ಗ್ಯಾಸ್ ಮುಖವಾಡದ ಡಬ್ಬಿಗಳಲ್ಲಿ ತುಂಬಿ ಬರ್ಲಿನ್ನಿನ ಮನೆಯ ತೋಟದಲ್ಲಿ ಹೂತಿಟ್ಟಿದ್ದರು. ಬೆಥ್ಗೆಯವರು ಅವನ್ನು ಸಂಪಾದಿಸಿ 1951ರಲ್ಲಿ ಪ್ರಕಟಿಸಿದರು. ಒಂದೇ ಸೆಲ್ಲಿನಿಂದ ಹೊರಟ ಎರಡು ಬಗೆಯ ಪತ್ರಗಳನ್ನು ಅಕ್ಕಪಕ್ಕ ಇಟ್ಟು ನೋಡುವ ಅವಕಾಶ ಸಂಶೋಧಕರಿಗೆ ಅಪರೂಪಕ್ಕೆ ಸಿಗುವಂಥದು.

ಸೆರೆಮನೆಗೆ ಹೋಗುವ ಮೊದಲು ಅವರ ಓದಿನ ರೂಢಿ ಹೇಗಿತ್ತೆಂಬುದನ್ನು ನೋಡಬೇಕು. ಎಲ್ಲಕ್ಕೂ ಬುನಾದಿ ಬಿದ್ದದ್ದು ಅಲ್ಲೇ ಎಂದು ನನ್ನ ಅಭಿಪ್ರಾಯ. 1935ರಲ್ಲಿ ಹಿಟ್ಲರನ ಸರ್ಕಾರಕ್ಕೆ ಬಗ್ಗದ ಸಭೆಗಳ ಪರವಾಗಿ ಬೋನ್‌ಹಾಫರ್ ಒಂದು ಸಣ್ಣ ಗುರುಮಠವನ್ನು ನಡೆಸಲು ಹೊರಟರು. ಅದು ಬಾಲ್ಟಿಕ್ ಕಡಲ ದಂಡೆಯಲ್ಲಿ ಆರಂಭವಾಗಿ ಕೆಲವೇ ತಿಂಗಳಲ್ಲಿ ಫಿಂಕೆನ್‌ವಾಲ್ಡೆಗೆ ಹೋಯಿತು. ಬೆಳಗ್ಗೆ, ಸಂಜೆ ಎಲ್ಲರೂ ಮೇಜಿನ ಸುತ್ತ ಕೂತು ಕೀರ್ತನೆಗಳನ್ನು ಹೇಳುವುದು, ಹಳೆಯ ಒಡಂಬಡಿಕೆಯಿಂದೊಂದು ಭಾಗ, ಹೊಸ ಒಡಂಬಡಿಕೆಯಿಂದೊಂದು ಭಾಗ ಓದುವುದು ಅಲ್ಲಿನ ಕ್ರಮ. ಇದಲ್ಲದೆ ದಿನಕ್ಕೆ ಅರ್ಧ ಗಂಟೆ ಮೌನವಾಗಿ ಒಂದು ಸಣ್ಣ ವಾಕ್ಯಭಾಗವನ್ನು ಧ್ಯಾನಿಸಬೇಕು, ಅದೂ ವಾರವಿಡೀ ಅದೇ ಭಾಗವನ್ನು. ವಿಶ್ವವಿದ್ಯಾಲಯದಲ್ಲಿ ವಿಮರ್ಶೆಯ ಪಾಠ ಕಲಿತು ಬಂದ ಯುವಕರಿಗೆ ಇದು ಸರಿಬರಲಿಲ್ಲ. ಅರ್ಧ ಗಂಟೆ ಏನು ಮಾಡುವುದೆಂದು ತೋಚದೆ ಗೊಣಗಿದವರಿದ್ದರು. ದೇವಶಾಸ್ತ್ರಜ್ಞ ಕಾರ್ಲ್ ಬಾರ್ಟ್ ಅವರಂಥ ಹಿರಿಯರೇ ಇದರಲ್ಲಿ ಸನ್ಯಾಸಿಮಠದ ವಾಸನೆ ಇದೆಯೆಂದು 1936ರಲ್ಲಿ ಶಂಕೆ ವ್ಯಕ್ತಪಡಿಸಿದರು. ಮರುವರ್ಷ ಗೆಸ್ಟಾಪೊ ಗುರುಮಠಕ್ಕೆ ಬೀಗ ಹಾಕಿತು.

ಈ ಓದು ಎಷ್ಟು ಹತ್ತಿರದ್ದಾಗಿತ್ತು ಎನ್ನುವುದಕ್ಕೆ ಅವರ ಸ್ವಂತ ಸತ್ಯವೇದದ ಒಂದು ಪುಟ ಸಾಕ್ಷಿ. ಅದು ಲೂಥರ್ ಅನುವಾದದ ಪ್ರತಿ. ದೇಶದಲ್ಲಿದ್ದ ದೇವರ ಮಂದಿರಗಳನ್ನೆಲ್ಲ ಶತ್ರುಗಳು ಸುಟ್ಟುಹಾಕಿದರೆಂದು ಮೊರೆಯಿಡುವ 74ನೆಯ ಕೀರ್ತನೆಯ 8ನೆಯ ವಚನದ ಪಕ್ಕದ ಅಂಚಿನಲ್ಲಿ ಅವರು ಒಂದೇ ಒಂದು ತಾರೀಖು ಬರೆದಿದ್ದಾರೆ: 9.11.38. ಜರ್ಮನಿಯ ಯೆಹೂದ್ಯರ ಸಭಾಮಂದಿರಗಳಿಗೆ ಬೆಂಕಿಯಿಟ್ಟ ರಾತ್ರಿಯದು. ಬೇರೆ ವ್ಯಾಖ್ಯಾನವಿಲ್ಲ. ಓದಿಗೆ ಕೂತದ್ದು ಹೊರಗಿನ ಗಲಭೆಯನ್ನು ಮರೆಯುವುದಕ್ಕಲ್ಲ ಎಂಬುದು ಆ ತಾರೀಖಿನಿಂದಲೇ ಗೊತ್ತಾಗುತ್ತದೆ.

ಅವರ ದಿನಚರಿಯಲ್ಲಿ ಇನ್ನೊಂದು ಪುಸ್ತಕವೂ ಇತ್ತು. ಹೆರ್ನ್‌ಹುಟ್ ಸಹೋದರ ಸಮಾಜದವರು 1731ರಿಂದ ವರ್ಷ ತಪ್ಪದೆ ಅಚ್ಚು ಹಾಕಿಸುತ್ತ ಬಂದಿರುವ ದಿನವಾಕ್ಯಗಳ ಕಿರುಹೊತ್ತಗೆ, ‘ಲೋಸುಂಗೆನ್’. ಪ್ರತಿದಿನಕ್ಕೂ ಹಳೆಯ ಒಡಂಬಡಿಕೆಯ ಒಂದು ವಚನವನ್ನು ಚೀಟಿ ಎತ್ತಿ ಆರಿಸುತ್ತಾರೆ. ಅದಕ್ಕೆ ಒಗ್ಗುವ ಹೊಸ ಒಡಂಬಡಿಕೆಯ ವಚನವನ್ನು ಜೊತೆಗೆ ಸೇರಿಸುತ್ತಾರೆ. ನಮ್ಮಲ್ಲಿ ಹೊಸ ವರ್ಷದ ಆರಾಧನೆಯಲ್ಲಿ ವಾಗ್ದಾನದ ಚೀಟಿ ಎತ್ತಿ, ಅದನ್ನು ವರ್ಷವಿಡೀ ಸತ್ಯವೇದದೊಳಗೆ ಇಟ್ಟುಕೊಳ್ಳುವ ಮನೆಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬೋನ್‌ಹಾಫರ್ ಈ ಹೊತ್ತಗೆಯನ್ನು ಕೊನೆಯವರೆಗೂ ಬಿಡಲಿಲ್ಲ. ಆದರೂ 1939ರಲ್ಲಿ ಪ್ರಕಟವಾದ, ಫಿಂಕೆನ್‌ವಾಲ್ಡೆಯ ಅನುಭವವನ್ನು ಆಧರಿಸಿದ ಪುಸ್ತಕದಲ್ಲಿ ದಿನಕ್ಕೊಂದು ಬಿಡಿ ವಚನವೇ ಸಾಕೆಂದುಕೊಳ್ಳಬಾರದೆಂದು ಎಚ್ಚರಿಸುತ್ತಾರೆ. ಗ್ರಂಥವನ್ನು ಬಿಡದೆ, ಮೊದಲಿಂದ ಕೊನೆಯವರೆಗೆ ಸಾಲಾಗಿ ಓದಬೇಕು, ಹಿಡಿಸದ ಅಧ್ಯಾಯಗಳನ್ನೂ ಓದಬೇಕು ಎನ್ನುವುದು ಅವರ ಪಟ್ಟು.

ಬಿಡಿ ವಚನದ ವಿಷಯದಲ್ಲಿ ಅವರ ನಡೆಯನ್ನು 1939ರ ಜೂನ್ ತಿಂಗಳ ನ್ಯೂಯಾರ್ಕಿನ ದಿನಚರಿಯಲ್ಲಿ ಚೆನ್ನಾಗಿ ನೋಡಬಹುದು. ಯುದ್ಧ ಹತ್ತಿರವಾಗುತ್ತಿತ್ತು. ಅಮೆರಿಕದಲ್ಲಿ ಸುರಕ್ಷಿತವಾದ ಕೆಲಸ ಕಾದಿತ್ತು. ಜೂನ್ 26ರಂದು ತಿಮೊಥೆಯನಿಗೆ ಬರೆದ ಎರಡನೆಯ ಪತ್ರಿಕೆಯಲ್ಲಿ, ಚಳಿಗಾಲಕ್ಕೆ ಮೊದಲೇ ಬಂದುಬಿಡು ಎಂದು ಪೌಲನು ಕೇಳಿಕೊಳ್ಳುವ ಮಾತು ಕಣ್ಣಿಗೆ ಬಿತ್ತು. ಆ ಮಾತು ದಿನವಿಡೀ ತಮ್ಮನ್ನು ಬಿಡಲಿಲ್ಲವೆಂದು ಅವರು ಬರೆದುಕೊಂಡಿದ್ದಾರೆ. ಜುಲೈ ಮೊದಲ ವಾರ ಹಡಗು ಹತ್ತಿದರು. ಈ ಪ್ರಸಂಗವನ್ನು ಹೇಳುವವರು ಸಾಮಾನ್ಯವಾಗಿ ವಚನ ಓದಿದರು, ಊರಿಗೆ ಹೊರಟರು ಎಂದು ಮುಗಿಸಿಬಿಡುತ್ತಾರೆ. ದಿನಚರಿಯ ತಾರೀಖುಗಳು ಹಾಗೆ ಹೇಳುವುದಿಲ್ಲ. ಅಮೆರಿಕದ ಕೆಲಸವನ್ನು ಅವರು ಒಲ್ಲೆನೆಂದದ್ದು ಜೂನ್ 20ರಂದೇ. ವಚನ ಸಿಕ್ಕಿದ್ದು ನಿರ್ಧಾರವಾಗಿ ಆರು ದಿನಗಳ ಮೇಲೆ. ಶಕುನ ಕೇಳಲು ಅವರು ಗ್ರಂಥ ತೆರೆದವರಲ್ಲ. ಮಾಡಿಯಾದ ನಿರ್ಧಾರದ ಭಾರ ಹೊರಲು ಆ ಮಾತು ಒದಗಿತು, ಅಷ್ಟೆ.

ಈಗ ಟೇಗಲ್‌ಗೆ ಬರೋಣ. ಸೆರೆಮನೆಯ ಅನುಭವವನ್ನು ಕುರಿತು ಅವರು ಬರೆದ ವರದಿಯ ಪ್ರಕಾರ, ಮೊದಲ ರಾತ್ರಿ ಕೊಟ್ಟ ಕಂಬಳಿಗಳ ದುರ್ವಾಸನೆ ತಾಳಲಾರದೆ ಅವರು ಅವನ್ನು ಹೊದೆಯಲೇ ಇಲ್ಲ. ಸತ್ಯವೇದದೊಳಗೆ ಗರಗಸವನ್ನೋ ಬ್ಲೇಡನ್ನೋ ಬಚ್ಚಿಟ್ಟಿದ್ದಾರೆಯೇ ಎಂದು ತಡಕಿ ನೋಡಿ, ಎರಡು ದಿನ ಕಳೆದ ಮೇಲೆ ಅದನ್ನು ಕೈಗೆ ಕೊಟ್ಟರು. ಮೊದಲ ಹನ್ನೆರಡು ದಿನ ಯಾರೊಡನೆಯೂ ಮಾತಿಲ್ಲ. ಮೇ 15ರಂದು ಹೆತ್ತವರಿಗೆ ಬರೆದ ಪತ್ರದ ಧಾಟಿ ಸಮಾಧಾನದ್ದು. ಗ್ರಂಥವನ್ನು ಮೊದಲಿಂದ ಓದುತ್ತಿದ್ದೇನೆ, ಯೋಬನ ಪುಸ್ತಕಕ್ಕೆ ಬಂದಿದ್ದೇನೆ, ಕೀರ್ತನೆಗಳನ್ನು ವರ್ಷಗಳಿಂದ ಮಾಡಿದಂತೆ ಈಗಲೂ ದಿನವೂ ಓದುತ್ತೇನೆ ಎನ್ನುತ್ತಾರೆ. ಕೆಲವು ಕೀರ್ತನೆಗಳನ್ನು ಓದುವಾಗ ಹೈನ್ರಿಶ್ ಶ್ಯೂಟ್ಸ್ ಹಾಕಿದ ರಾಗ ಕಿವಿಯಲ್ಲಿ ಕೇಳಿಸದೆ ಇರುವುದಿಲ್ಲವಂತೆ. ಆದರೆ ಅದೇ ಪತ್ರದಲ್ಲಿ, ನನ್ನ ಕಾಲಗತಿ ದೇವರ ಕೈಯಲ್ಲಿದೆ ಎನ್ನುವ 31ನೆಯ ಕೀರ್ತನೆಯ ಬೆನ್ನಿಗೇ, ಎಷ್ಟರ ತನಕ ಎಂದು ಕೇಳುವ 13ನೆಯ ಕೀರ್ತನೆಯನ್ನೂ ಹೆಸರಿಸುತ್ತಾರೆ. ಸೆರೆಯಲ್ಲಿ ಎರಡನೆಯದರ ಜೋರು ಹೆಚ್ಚು ಎಂದು ಒಪ್ಪಿಕೊಳ್ಳುತ್ತಾರೆ.

ಮನೆಯವರಿಗೆ ತಿಳಿಸದ ಮಾತುಗಳು ಬೇರೆ ಕಡೆ ಇವೆ. ಆ ಮೊದಲ ತಿಂಗಳುಗಳ ಟಿಪ್ಪಣಿಚೀಟಿಯೊಂದರಲ್ಲಿ ಆತ್ಮಹತ್ಯೆಯ ಯೋಚನೆಯನ್ನು ಅವರು ತುಂಡು ಮಾತುಗಳಲ್ಲಿ ಗುರುತು ಹಾಕಿಕೊಂಡಿದ್ದಾರೆ. ನವೆಂಬರ್ 18ರ ಗುಟ್ಟಿನ ಪತ್ರದಲ್ಲಿ ಬೆಥ್ಗೆಗೆ ಆ ದಿನಗಳ ಒಳತೋಟಿಯನ್ನು ಹೇಳಿಕೊಳ್ಳುತ್ತಾರೆ. ಆಗ ಕೈಹಿಡಿದದ್ದು ಕೀರ್ತನೆಗಳು, ಪ್ರಕಟನೆಯ ಪುಸ್ತಕ ಮತ್ತು ಪೌಲ್ ಗೆರ್‌ಹಾರ್ಡ್‌ನ ಹಾಡುಗಳು ಎಂದು ಹೆಸರಿಸಿಯೇ ಬರೆಯುತ್ತಾರೆ. ಅಷ್ಟರೊಳಗೆ ಹಳೆಯ ಒಡಂಬಡಿಕೆಯನ್ನು ಎರಡೂವರೆ ಸಲ ಓದಿ ಮುಗಿಸಿದ್ದರು. ಸಮಾಧಾನದ ಪತ್ರ ಸುಳ್ಳೆಂದು ಇದರ ಅರ್ಥವಲ್ಲ. ಓದೂ ನಡೆದಿತ್ತು, ಕತ್ತಲೂ ಇತ್ತು. ಒಂದು ಬಂದದ್ದರಿಂದ ಇನ್ನೊಂದು ಓಡಿಹೋಗಲಿಲ್ಲ.

ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳ ಸಾಕ್ಷಿ 1944ರ ಮಾರ್ಚ್ 19ರ ಪತ್ರದಲ್ಲಿದೆ. ಈಗ ಮತ್ತೆ ಕೆಲವು ವಾರಗಳಿಂದ ಸತ್ಯವೇದವನ್ನು ಹೆಚ್ಚು ಓದುತ್ತಿಲ್ಲ ಎಂದು ಬೋನ್‌ಹಾಫರ್ ಬರೆಯುತ್ತಾರೆ. ಇದಕ್ಕೆ ಏನನ್ನಬೇಕೋ ತಿಳಿಯದು, ಓದಲೇಬೇಕೆಂಬ ಬಲವಂತವೂ ಅನಿಸುತ್ತಿಲ್ಲ, ಸ್ವಲ್ಪ ದಿನ ಕಳೆದರೆ ಹಸಿದವನಂತೆ ಮತ್ತೆ ಅದರ ಮೇಲೆ ಬೀಳುತ್ತೇನೆಂಬುದು ಮಾತ್ರ ಗೊತ್ತು ಎನ್ನುತ್ತಾರೆ. ಅರ್ಧ ಗಂಟೆಯ ಧ್ಯಾನವನ್ನು ಪಟ್ಟುಹಿಡಿದು ಕಲಿಸಿದ ಗುರು ಈ ಮಾತು ಹೇಳುತ್ತಿದ್ದಾರೆ. ಇದನ್ನು ನಂಬಿಕೆಯ ಸಡಿಲಿಕೆ ಎಂದು ಓದುವವರಿದ್ದಾರೆ. ಅದೇ ವರ್ಷ ಏಪ್ರಿಲ್ ಕೊನೆಯಿಂದ ಅವರು ಧರ್ಮಾಚರಣೆಯ ಹಂಗಿಲ್ಲದ ಕ್ರೈಸ್ತ ಬದುಕಿನ ಬಗ್ಗೆ ಬರೆಯತೊಡಗಿದ್ದು ಈ ಊಹೆಗೆ ಇಂಬು ಕೊಡುತ್ತದೆ. ನನಗೆ ಹಾಗನಿಸುವುದಿಲ್ಲ. ಮರಳಿ ಬರುತ್ತೇನೆಂಬ ನೆಚ್ಚಿಕೆ ಹುಟ್ಟುವುದು ದಾರಿ ಸವೆದಿದ್ದರೆ ಮಾತ್ರ. ಎಂಟೊಂಬತ್ತು ವರ್ಷ ಅದೇ ದಾರಿಯಲ್ಲಿ ನಡೆದವರಿಗೆ ಕೆಲವು ವಾರಗಳ ಬಿಡುವು ಗಾಬರಿ ಹುಟ್ಟಿಸಲಿಲ್ಲ. ಓದಿನಿಂದ ಅವರಿಗೆ ಸಿಕ್ಕ ಸ್ಥೈರ್ಯ ಯಾವ ಬಗೆಯದು ಎಂಬುದಕ್ಕೆ ಗಾಬರಿಯಿಲ್ಲದ ಈ ಒಪ್ಪಿಗೆಯೇ ಒಳ್ಳೆಯ ಆಧಾರ.

ಹೇಳಿದಂತೆ ಮರಳಿಯೂ ಬಂದರು. 1944ರ ಜುಲೈ 20ರಂದು ಹಿಟ್ಲರನನ್ನು ಕೊಲ್ಲುವ ಸಂಚು ವಿಫಲವಾಯಿತು. ಸಂಚಿನ ಬಳಗಕ್ಕೆ ಸೇರಿದ ತಮ್ಮ ಪಾಡೇನೆಂಬುದು ಬೋನ್‌ಹಾಫರ್ ಅವರಿಗೆ ತಿಳಿಯದ್ದಲ್ಲ. ಮರುದಿನ ಬೆಥ್ಗೆಗೆ ಬರೆದ ಪತ್ರದಲ್ಲಿ, ಸಮಸ್ಯೆಗಳ ಚಿಂತೆ ಬಿಟ್ಟು ಸುಮ್ಮನೆ ನಂಬಿ ಬದುಕುವ ಹೊತ್ತೂ ಇರುತ್ತದೆ, ಆಗ ದಿನವಾಕ್ಯಗಳೇ ಸಂತೋಷ ಕೊಡುತ್ತವೆ, ನಿನ್ನೆಯ ಮತ್ತು ಇವತ್ತಿನ ವಾಕ್ಯಗಳಂತೂ ವಿಶೇಷವಾಗಿ ಹಿಡಿಸಿದವು ಎಂದು ತಿಳಿಸುತ್ತಾರೆ. ಆ ವರ್ಷದ ಹೊತ್ತಗೆಯಲ್ಲಿ ಜುಲೈ 20ಕ್ಕೆ ಇದ್ದದ್ದು, ಕೆಲವರು ರಥಗಳನ್ನೂ ಕುದುರೆಗಳನ್ನೂ ನೆಚ್ಚುವುದನ್ನು ಹೇಳುವ 20ನೆಯ ಕೀರ್ತನೆಯ ವಚನ. 21ಕ್ಕೆ ಇದ್ದದ್ದು ಕುರುಬನ ಕೀರ್ತನೆಯೆಂದು ಎಲ್ಲರೂ ಬಲ್ಲ 23ನೆಯದು. ಎರಡನ್ನೂ ಚೀಟಿ ಎತ್ತಿ ಆರಿಸಿದ್ದು ಸಂಚಿನ ಸುಳಿವೇ ಇಲ್ಲದ ಜನ, ಬಹಳ ಮೊದಲೇ.

ಇನ್ನು ನಿರೀಕ್ಷೆಯ ಮಾತು. ಸೆರೆಯಲ್ಲಿದ್ದ ಕ್ರೈಸ್ತನ ನಿರೀಕ್ಷೆ ಎಂದ ಕೂಡಲೇ ಪರಲೋಕ ನೆನಪಾಗುವುದು ಸಹಜ. ಬೋನ್‌ಹಾಫರ್ ಮತ್ತೆ ಮತ್ತೆ ತೆರೆದದ್ದು ಯೆರೆಮೀಯನ 32ನೆಯ ಅಧ್ಯಾಯವನ್ನು. ಬಾಬೆಲಿನ ಸೈನ್ಯ ಯೆರೂಸಲೇಮಿಗೆ ಮುತ್ತಿಗೆ ಹಾಕಿದೆ, ಪ್ರವಾದಿ ಸ್ವತಃ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಅವನು ಚಿಕ್ಕಪ್ಪನ ಮಗನಿಂದ ಅನಾತೋತಿನ ಹೊಲವನ್ನು ಹದಿನೇಳು ತೊಲ ಬೆಳ್ಳಿಗೆ ಕ್ರಯಕ್ಕೆ ಕೊಳ್ಳುತ್ತಾನೆ. ಸಾಕ್ಷಿಗಳ ಎದುರು ಪತ್ರ ಬರೆದು, ಮುದ್ರೆ ಒತ್ತಿ, ಬಹುಕಾಲ ಉಳಿಯಲೆಂದು ಮಣ್ಣಿನ ಗಡಿಗೆಯಲ್ಲಿ ಇಡಿಸುತ್ತಾನೆ. ಶತ್ರು ನಾಳೆ ಕಸಿಯಲಿರುವ ಭೂಮಿಗೆ ಇವತ್ತು ಕ್ರಯಪತ್ರ. 1942ರ ಕೊನೆಯಲ್ಲಿ ಗೆಳೆಯರಿಗೆ ಬರೆದ ಪ್ರಬಂಧದಲ್ಲಿ ಈ ಅಧ್ಯಾಯ ಬರುತ್ತದೆ. 1943ರ ಆಗಸ್ಟ್ 12ರಂದು, ಅದೇ ವರ್ಷ ಜನವರಿಯಲ್ಲಿ ನಿಶ್ಚಿತಾರ್ಥವಾಗಿದ್ದ ಮರಿಯಾ ಫೊನ್ ವೆಡೆಮಾಯರ್ ಅವರಿಗೆ ಬರೆದ ಪತ್ರದಲ್ಲಿ ಮತ್ತೆ ಬರುತ್ತದೆ. ಇಂಥ ಕಾಲದಲ್ಲಿ ತಾವು ಮದುವೆಯ ಮಾತು ಕೊಟ್ಟಿರುವುದೂ ಆ ಹೊಲದ ಖರೀದಿಯಂಥದೇ, ದೇವರ ಈ ಭೂಮಿಗೆ ಹೌದೆನ್ನುವ ಕೆಲಸ ಎನ್ನುವುದು ಅದರ ತಾತ್ಪರ್ಯ. ಮದುವೆ ನಡೆಯಲಿಲ್ಲ. ಹಾಗೆಂದು ಪತ್ರದ ಮಾತನ್ನು ಫಲಿಸದ ಹಾರೈಕೆ ಎನ್ನಲಾಗದು. ಯೆರೆಮೀಯನೂ ಆ ಹೊಲವನ್ನು ಉತ್ತವನಲ್ಲ.

ಕೊನೆಯ ದಿನಗಳ ಸಾಕ್ಷ್ಯದ ಬಗ್ಗೆ ಒಂದು ಎಚ್ಚರಿಕೆ ಹೇಳಬೇಕು. 1945ರ ಏಪ್ರಿಲ್ 8, ಈಸ್ಟರ್ ಕಳೆದ ಮೊದಲ ಭಾನುವಾರ. ಷ್ಯೋನ್‌ಬೆರ್ಗ್ ಊರಿನ ಶಾಲೆಯಲ್ಲಿ ಕೂಡಿಹಾಕಿದ್ದ ಕೈದಿಗಳು ಆರಾಧನೆ ನಡೆಸಿಕೊಡುವಂತೆ ಬೋನ್‌ಹಾಫರ್ ಅವರನ್ನು ಕೇಳಿದರು. ಅವರಲ್ಲಿ ಕ್ಯಾಥೊಲಿಕರಿದ್ದರು, ದೇವರನ್ನು ನಂಬದ ಸೋವಿಯತ್ ಸೈನ್ಯಾಧಿಕಾರಿ ಕೊಕೊರಿನ್ ಇದ್ದರು. ಅವರ ಮೇಲೆ ಹೇರಿದಂತಾಗಬಾರದೆಂದು ಬೋನ್‌ಹಾಫರ್ ಹಿಂಜರಿದರು. ಕೊಕೊರಿನ್ ತಾವೇ ಒಪ್ಪಿದ ಮೇಲೆ ಆ ದಿನದ ವಾಕ್ಯಗಳನ್ನು, ಎಂದರೆ ಯೆಶಾಯನ 53ನೆಯ ಅಧ್ಯಾಯದ 5ನೆಯ ವಚನವನ್ನೂ ಜೀವಂತ ನಿರೀಕ್ಷೆಯನ್ನು ಹೇಳುವ ಪೇತ್ರನ ಮೊದಲ ಪತ್ರಿಕೆಯ 1:3ನ್ನೂ ಓದಿ ವಿವರಿಸಿದರು. ಇದಕ್ಕೆ ಬದುಕುಳಿದ ಸಹಕೈದಿಗಳ ಮಾತಿನ ಆಧಾರವಿದೆ. ಮರುದಿನ ಗಲ್ಲಿಗೆ ಮುಂಚೆ ಮೊಣಕಾಲೂರಿ ಪ್ರಾರ್ಥಿಸಿ ಶಾಂತವಾಗಿ ಸತ್ತರು ಎನ್ನುವ, ಎಲ್ಲರೂ ಉದ್ಧರಿಸುವ ದೃಶ್ಯಕ್ಕಾದರೋ ಆಧಾರ ಶಿಬಿರದ ವೈದ್ಯನೊಬ್ಬನ ಹೇಳಿಕೆ, ಅದೂ ಹತ್ತು ವರ್ಷಗಳ ನಂತರದ್ದು. ಅದನ್ನು ನಂಬಲಾಗದೆನ್ನಲು ಇತಿಹಾಸಕಾರರು ಗಟ್ಟಿ ಕಾರಣಗಳನ್ನು ಕೊಟ್ಟಿದ್ದಾರೆ. ಕೊಲ್ಲುವ ಕೆಲಸದಲ್ಲಿ ಪಾಲುಗಾರನಾಗಿದ್ದವನಿಗೆ ಆ ಸಾವನ್ನು ಸುಂದರವಾಗಿ ಚಿತ್ರಿಸುವುದರಲ್ಲಿ ಲಾಭವೂ ಇತ್ತು. ಬೋನ್‌ಹಾಫರ್ ಅವರ ಸ್ಥೈರ್ಯವನ್ನು ಕುರಿತು ಬರೆಯುವವರು ಆ ಹೇಳಿಕೆಯನ್ನು ಪಕ್ಕಕ್ಕಿಟ್ಟು, ಮೇ 15, ನವೆಂಬರ್ 18, ಮಾರ್ಚ್ 19 ಮತ್ತು ಜುಲೈ 21ರ ಪತ್ರಗಳಿಂದ ಶುರುಮಾಡುವುದು ಒಳ್ಳೆಯದು.