ಬ್ರೇಕ್‌ಬೀಟ್ ಆಲ್ಬಮ್‌ನ ಉಗಮ ಮತ್ತು ಬೆಳವಣಿಗೆ (1969–2005)

ಇಪ್ಪತ್ತನೆಯ ಶತಮಾನದ ಕೊನೆಯ ದಶಕದಲ್ಲಿ ಬ್ರಿಟನ್ನಿನಲ್ಲಿ ಬೆಳೆದ ಎಲೆಕ್ಟ್ರಾನಿಕ್ ಸಂಗೀತದ ಚರಿತ್ರೆಯನ್ನು ಸಾಮಾನ್ಯವಾಗಿ ಶೈಲಿಗಳ ವಂಶಾವಳಿಯಾಗಿ ಬರೆಯಲಾಗುತ್ತದೆ: ಹಿಪ್‌ಹಾಪ್‌ನಿಂದ ಹಾರ್ಡ್‌ಕೋರ್ ಹುಟ್ಟಿತು, ಹಾರ್ಡ್‌ಕೋರ್‌ನಿಂದ ಜಂಗಲ್, ಜಂಗಲ್‌ನಿಂದ ಡ್ರಮ್ ಆ್ಯಂಡ್ ಬೇಸ್ ಎಂಬ ಕ್ರಮದಲ್ಲಿ. ಕಾಲಾನುಕ್ರಮವನ್ನು ನೆನಪಿಡಲು ಈ ಪಟ್ಟಿ ಸಾಕು. ಆದರೆ ಅದರಿಂದ ಸಂಗೀತದ ಒಳರಚನೆ ತಿಳಿಯುವುದಿಲ್ಲ. ಶೈಲಿಯ ಹೆಸರು ಎರಡು ವರ್ಷಕ್ಕೊಮ್ಮೆ ಬದಲಾಗುತ್ತಿದ್ದಾಗಲೂ ಸಂಗೀತಗಾರರ ಕೈಯಲ್ಲಿದ್ದ ಮೂಲದ್ರವ್ಯ ಬಹುಮಟ್ಟಿಗೆ ಒಂದೇ ಆಗಿತ್ತು; ಬದಲಾದದ್ದು ಅದನ್ನು ಕತ್ತರಿಸುವ, ಹಿಗ್ಗಿಸುವ ಮತ್ತು ಮರುಜೋಡಿಸುವ ಕ್ರಮ. ಆದ್ದರಿಂದ ಬ್ರೇಕ್‌ಬೀಟ್ ಆಲ್ಬಮ್‌ಗಳನ್ನು ಹೆಸರಿನ ಆಧಾರದಿಂದಲ್ಲದೆ ಈ ಕೈಗೆಲಸದ ಆಧಾರದಿಂದ ಓದುವುದು ಹೆಚ್ಚು ಫಲಪ್ರದ ಎಂಬುದು ಪ್ರಸ್ತುತ ಲೇಖನದ ವಾದ.

ಬ್ರೇಕ್ ಎಂದರೆ ಅಮೆರಿಕದ ಸೋಲ್ ಮತ್ತು ಫಂಕ್ ಹಾಡುಗಳ ನಡುವೆ ಗಾಯನ, ಗಿಟಾರ್, ಟ್ರಂಪೆಟ್ ಎಲ್ಲವೂ ನಿಂತು ಡ್ರಮ್ಸ್ ಮಾತ್ರ ಉಳಿಯುವ ಅಲ್ಪಾವಧಿ. ಕರ್ನಾಟಕ ಸಂಗೀತದ ಕಚೇರಿಗಳಲ್ಲಿ ತನಿ ಆವರ್ತನವನ್ನು ಕೇಳಿದವರಿಗೆ ಲಯವಾದ್ಯವೊಂದು ಹೀಗೆ ಮುಂದೆ ಬಂದು ನಿಲ್ಲುವುದು ಹೊಸದೇನಲ್ಲ. ಆದರೆ ತನಿ ಆವರ್ತನದ ಉದ್ದೇಶವೇ ವಿಸ್ತಾರವಾದರೆ, ಬ್ರೇಕ್ ಎರಡು ಅಥವಾ ನಾಲ್ಕು ಆವರ್ತಗಳಲ್ಲಿ ಮುಗಿದುಹೋಗುತ್ತದೆ. ವಾದಕ ಮಾಡದೆ ಬಿಟ್ಟ ಆ ವಿಸ್ತಾರವನ್ನು ಮುಂದಿನ ತಲೆಮಾರು ಮೊದಲು ಗ್ರಾಮಫೋನ್ ತಟ್ಟೆಗಳ ಮೂಲಕ, ಅನಂತರ ಗಣಕಯಂತ್ರದ ಮೂಲಕ ಕೈಗೆತ್ತಿಕೊಂಡಿತು.

ಇಂಥ ತುಣುಕುಗಳಲ್ಲಿ ಅತಿ ಹೆಚ್ಚು ಬಳಕೆಯಾದದ್ದು 1969ರಲ್ಲಿ ವಾಷಿಂಗ್ಟನ್ ನಗರದ ದಿ ವಿನ್‌ಸ್ಟನ್ಸ್ ತಂಡ ಧ್ವನಿಮುದ್ರಿಸಿದ ‘ಆಮೆನ್, ಬ್ರದರ್’ ಎಂಬ ವಾದ್ಯಕೃತಿಯಲ್ಲಿದೆ. ‘ಕಲರ್ ಹಿಮ್ ಫಾದರ್’ ಎಂಬ ಜನಪ್ರಿಯ ಹಾಡಿನ ತಟ್ಟೆಯ ಹಿಂಬದಿಯನ್ನು ತುಂಬಲು ಸೇರಿಸಿದ ಕೃತಿ ಅದು. ಅದರ ನಡುವೆ ಗ್ರೆಗರಿ ಕೋಲ್ಮನ್ ನುಡಿಸಿದ ನಾಲ್ಕು ಆವರ್ತಗಳ, ಸುಮಾರು ಏಳು ಸೆಕೆಂಡುಗಳ ಡ್ರಮ್ಸ್ ವಾದನವಿದೆ. ಮೊದಲ ಎರಡು ಆವರ್ತಗಳಲ್ಲಿ ನಡೆ ಸ್ಥಿರವಾಗಿದ್ದು, ಮೂರನೆಯದರ ಕೊನೆಯಲ್ಲಿ ಸ್ನೇರ್‌ನ ಪೆಟ್ಟು ತನ್ನ ಸ್ಥಾನದಿಂದ ಜಾರುತ್ತದೆ. ನಾಲ್ಕನೆಯದರಲ್ಲಿ ಮೊದಲ ಎಣಿಕೆ ಖಾಲಿ ಉಳಿದು ಸಿಂಬಲ್‌ನ ಪೆಟ್ಟು ನಿರೀಕ್ಷೆಗಿಂತ ಮೊದಲೇ ಬೀಳುತ್ತದೆ. ಸಮದಿಂದ ಅನಿರೀಕ್ಷಿತದ ಕಡೆಗೆ ಸಾಗುವ ಪೂರ್ಣ ಚಲನೆ ಇಷ್ಟು ಅಲ್ಪಾವಧಿಯಲ್ಲಿ ಅಡಗಿರುವುದರಿಂದಲೇ ಈ ತುಣುಕನ್ನು ಎಲ್ಲಿ ಕತ್ತರಿಸಿದರೂ ಬೇರೆ ಬೇರೆ ಸ್ವಭಾವದ ಬಿಡಿಭಾಗಗಳು ದೊರೆಯುತ್ತವೆ. ಸಾವಿರಾರು ಧ್ವನಿಮುದ್ರಣಗಳಿಗೆ ಆಧಾರವಾದ ಈ ವಾದನಕ್ಕಾಗಿ ಕೋಲ್ಮನ್‌ಗೆ ಯಾವ ಗೌರವಧನವೂ ಸಲ್ಲಲಿಲ್ಲ. 2006ರಲ್ಲಿ ಆತ ಅಟ್ಲಾಂಟಾದಲ್ಲಿ ಬಡತನದಲ್ಲಿಯೇ ತೀರಿಕೊಂಡ. ತಂಡದ ನಾಯಕ ರಿಚರ್ಡ್ ಸ್ಪೆನ್ಸರ್‌ಗೆ 2015ರಲ್ಲಿ ಬ್ರಿಟನ್ನಿನ ಅಭಿಮಾನಿಗಳು ಸಾರ್ವಜನಿಕ ದೇಣಿಗೆಯಿಂದ ಸಂಗ್ರಹಿಸಿದ ಸುಮಾರು 24,000 ಪೌಂಡ್ ತಲುಪಿತು. ಜೇಮ್ಸ್ ಬ್ರೌನ್ ತಂಡದ ‘ಫಂಕಿ ಡ್ರಮ್ಮರ್’ ಕೃತಿಯಲ್ಲಿ ಅಷ್ಟೇ ಪ್ರಸಿದ್ಧವಾದ ಬ್ರೇಕನ್ನು ನುಡಿಸಿದ ಕ್ಲೈಡ್ ಸ್ಟಬಲ್‌ಫೀಲ್ಡ್‌ನ ಪಾಡೂ ಹೆಚ್ಚು ಭಿನ್ನವಾಗಿರಲಿಲ್ಲ. ಕೃತಿಸ್ವಾಮ್ಯ ಕಾನೂನು ಹಾಡು ಬರೆದವರನ್ನೂ ಮುದ್ರಣದ ಒಡೆಯರನ್ನೂ ಗುರುತಿಸಿತೇ ಹೊರತು ಲಯವನ್ನು ಕಟ್ಟಿದ ಕೈಯನ್ನು ಗುರುತಿಸಲಿಲ್ಲ. ಈ ಸಂಗೀತದ ಯಾವ ಚರಿತ್ರೆಯೂ ಈ ಅನ್ಯಾಯವನ್ನು ಅಡಿಟಿಪ್ಪಣಿಗೆ ತಳ್ಳಲಾಗದು.

ಬ್ರೇಕನ್ನು ಹಾಡಿನಿಂದ ಬಿಡಿಸಿಕೊಂಡ ಮೊದಲ ಹಂತ ನ್ಯೂಯಾರ್ಕಿನದು. ಜಮೈಕಾದ ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ಬ್ರಾಂಕ್ಸ್‌ಗೆ ಬಂದಿದ್ದ ಕ್ಲೈವ್ ಕ್ಯಾಂಪ್‌ಬೆಲ್, ಅಂದರೆ ಡಿಜೆ ಕೂಲ್ ಹರ್ಕ್, 1973ರ ಆಗಸ್ಟ್ 11ರಂದು ಸೆಜ್‌ವಿಕ್ ಅವೆನ್ಯೂದ 1520ನೆಯ ಸಂಖ್ಯೆಯ ಕಟ್ಟಡದಲ್ಲಿ ತನ್ನ ತಂಗಿ ಏರ್ಪಡಿಸಿದ್ದ ಕೂಟದಲ್ಲಿ ಸಂಗೀತ ನುಡಿಸಿದ್ದನ್ನು ಹಿಪ್‌ಹಾಪ್‌ನ ಆರಂಭವೆಂದು ಗುರುತಿಸುವುದು ರೂಢಿ. ಕುಣಿಯುವವರು ಬ್ರೇಕ್‌ಗಾಗಿಯೇ ಕಾಯುತ್ತಿದ್ದುದನ್ನು ಗಮನಿಸಿದ ಆತ ಒಂದೇ ಹಾಡಿನ ಎರಡು ತಟ್ಟೆಗಳನ್ನು ಎರಡು ಟರ್ನ್‌ಟೇಬಲ್‌ಗಳ ಮೇಲಿಟ್ಟು, ಒಂದರ ಬ್ರೇಕ್ ಮುಗಿಯುತ್ತಲೇ ಇನ್ನೊಂದರದನ್ನು ಆರಂಭಿಸಿ ಸೆಕೆಂಡುಗಳ ವಾದನವನ್ನು ನಿಮಿಷಗಳಿಗೆ ಬೆಳೆಸಿದ. ಹೀಗೆ ಒಂದೇ ತುಣುಕನ್ನು ಸುತ್ತುಸುತ್ತಾಗಿ ನುಡಿಸುವುದನ್ನು ಲೂಪ್ ಎನ್ನುತ್ತಾರೆ.

ಎರಡನೆಯ ಹಂತವನ್ನು ಸಾಧ್ಯಗೊಳಿಸಿದ್ದು ಸ್ಯಾಂಪ್ಲರ್. ಯಾವುದೇ ಧ್ವನಿಯನ್ನು ಅಂಕೀಯ ರೂಪದಲ್ಲಿ ಸಂಗ್ರಹಿಸಿ, ಅದನ್ನು ಬೇಕಾದ ಹೊತ್ತಿಗೆ, ಬೇಕಾದ ಸ್ಥಾಯಿಯಲ್ಲಿ ನುಡಿಸಬಲ್ಲ ಯಂತ್ರವಿದು. 1987ರಲ್ಲಿ ಬಂದ ಇಮ್ಯೂ ಸಂಸ್ಥೆಯ ಎಸ್‌ಪಿ-1200 ಯಂತ್ರದ ಒಟ್ಟು ನೆನಪಿನ ಅವಧಿ 10 ಸೆಕೆಂಡು ಮಾತ್ರ. ಈ ಇಕ್ಕಟ್ಟನ್ನು ಮೀರಲು ಸಂಗೀತಗಾರರು ನಿಮಿಷಕ್ಕೆ 33 ಸುತ್ತಿನ ತಟ್ಟೆಯನ್ನು 45 ಸುತ್ತಿನ ವೇಗದಲ್ಲಿ ಓಡಿಸಿ ಧ್ವನಿಯನ್ನು ಒಳಸೇರಿಸಿ, ಅನಂತರ ಯಂತ್ರದಲ್ಲಿ ಅದನ್ನು ಕೆಳಕ್ಕಿಳಿಸಿ ಸರಿಪಡಿಸುತ್ತಿದ್ದರು. ಹಾಗೆ ಇಳಿಸಿದ ಡ್ರಮ್ಸ್‌ಗೆ ಒರಟಾದ, ದಪ್ಪವಾದ ನಾದ ಬರುತ್ತಿತ್ತು. ಕೊರತೆಯಿಂದ ಹುಟ್ಟಿದ ಆ ಒರಟುತನವನ್ನೇ ಒಂದು ತಲೆಮಾರು ಸೌಂದರ್ಯವೆಂದು ಸ್ವೀಕರಿಸಿತು. ಇದಕ್ಕಿಂತ ಮುಖ್ಯವಾದ ಪರಿಣಾಮವೊಂದಿದೆ. ನೆನಪು ಕಡಿಮೆಯಿದ್ದುದರಿಂದ ಇಡೀ ಬ್ರೇಕನ್ನು ಇಟ್ಟುಕೊಳ್ಳುವ ಬದಲು ಅದನ್ನು ಕಿಕ್, ಸ್ನೇರ್, ಹೈಹ್ಯಾಟ್ ಎಂದು ಬಿಡಿಬಿಡಿಯಾಗಿ ಕತ್ತರಿಸಿ, ಒಂದೊಂದನ್ನು ಒಂದೊಂದು ಗುಂಡಿಗೆ ಕೊಟ್ಟು, ಹೊಸ ಅನುಕ್ರಮದಲ್ಲಿ ನುಡಿಸುವ ಪದ್ಧತಿ ಬೆಳೆಯಿತು. ಲೂಪ್‌ನಲ್ಲಿ ಮೂಲ ವಾದಕನ ವಾಕ್ಯ ಹಾಗೆಯೇ ಉಳಿಯುತ್ತದೆ, ಕತ್ತರಿಕೆಯಲ್ಲಿ ಉಳಿಯುವುದು ಆತನ ಉಚ್ಚಾರ ಮಾತ್ರ.

ಲಂಡನ್ನಿನಲ್ಲಿ 1990ರ ಆಸುಪಾಸಿನಲ್ಲಿ ಈ ಪದ್ಧತಿ ಟೆಕ್ನೋ ಸಂಗೀತದ ವೇಗವನ್ನೂ ಜಮೈಕಾದ ಧ್ವನಿವ್ಯವಸ್ಥೆಗಳ ಆಳವಾದ ಬೇಸನ್ನೂ ಸಂಧಿಸಿತು. ಹೆವನ್ ಕ್ಲಬ್‌ನಲ್ಲಿ ಫ್ಯಾಬಿಯೋ ಮತ್ತು ಗ್ರೂವ್‌ರೈಡರ್ ನಡೆಸುತ್ತಿದ್ದ ‘ರೇಜ್’ ರಾತ್ರಿಗಳಲ್ಲಿ ಬ್ರೇಕ್‌ನ ವೇಗ ಏರುತ್ತ ಹೋಗಿ, ಕೆಲವೇ ವರ್ಷಗಳಲ್ಲಿ ಜಂಗಲ್ ಎಂಬ ಹೆಸರಿನ ಸಂಗೀತದಲ್ಲಿ ನಿಮಿಷಕ್ಕೆ 160 ಎಣಿಕೆಗಳನ್ನು ದಾಟಿತು. ಡ್ರಮ್ಸ್ ಹೀಗೆ ಧಾವಿಸುತ್ತಿರುವಾಗ ಬೇಸ್ ಅದರ ಅರ್ಧ ವೇಗದಲ್ಲಿ ನಡೆಯುವುದರಿಂದ ಕೇಳುಗರಿಗೆ ಎರಡು ಕಾಲಗಳು ಏಕಕಾಲಕ್ಕೆ ಅನುಭವಕ್ಕೆ ಬರುತ್ತವೆ. 1992ರಲ್ಲಿ ಗೋಲ್ಡಿ ‘ಟರ್ಮಿನೇಟರ್’ ಎಂಬ ಕೃತಿಯಲ್ಲಿ ಬ್ರೇಕ್‌ನ ವೇಗವನ್ನು ಮುಟ್ಟದೆ ಸ್ಥಾಯಿಯನ್ನು ಮಾತ್ರ ಏರಿಳಿಸಿದ. ಟೈಮ್‌ಸ್ಟ್ರೆಚ್ ಎಂಬ ಸೌಲಭ್ಯ ಇದರ ವಿಲೋಮವಾಗಿ ಸ್ಥಾಯಿಯನ್ನು ಉಳಿಸಿಕೊಂಡು ಅವಧಿಯನ್ನು ಮಾತ್ರ ಹಿಗ್ಗಿಸುತ್ತಿತ್ತು. ವೇಗವೂ ಸ್ಥಾಯಿಯೂ ಒಂದನ್ನೊಂದು ಬಿಟ್ಟಿರಲಾರವು ಎಂಬ ತಟ್ಟೆಯುಗದ ನಿಯಮ ಇಲ್ಲಿಗೆ ಮುರಿದುಬಿತ್ತು.

ಇಷ್ಟಾದರೂ ಈ ಸಂಗೀತದ ಸಹಜ ರೂಪ ಆಲ್ಬಮ್ ಆಗಿರಲಿಲ್ಲ. ಹನ್ನೆರಡು ಅಂಗುಲದ ತಟ್ಟೆಯ ಒಂದೊಂದು ಬದಿಗೆ ಒಂದೊಂದು ಕೃತಿ, ಅದನ್ನು ಬೆರೆಸಿ ರಾತ್ರಿಯಿಡೀ ಸಂಗೀತ ಕಟ್ಟುವ ಡಿಜೆ, ಇವೇ ಅದರ ವ್ಯವಸ್ಥೆ. ಕುಣಿತಕ್ಕಾಗಿ ರೂಪುಗೊಂಡ ದ್ರವ್ಯವನ್ನು ಕುಳಿತು ಕೇಳುವ ಒಂದು ಗಂಟೆಯ ರಚನೆಯಾಗಿಸುವುದು ಹೇಗೆ ಎಂಬ ಪ್ರಶ್ನೆಗೆ 1994 ಮತ್ತು 1998ರ ನಡುವೆ ಬಂದ ಉತ್ತರಗಳೇ ಈ ಚರಿತ್ರೆಯ ಅತ್ಯಂತ ಶ್ರೀಮಂತ ಭಾಗ. ರಿಇನ್‌ಫೋರ್ಸ್ಡ್ ಸಂಸ್ಥೆಯಿಂದ ಬಂದ ಫೋರ್ ಹೀರೋ ಜೋಡಿಯ ‘ಪ್ಯಾರಲಲ್ ಯೂನಿವರ್ಸ್’ (1994) ಈ ದಾರಿಯನ್ನು ತೆರೆಯಿತು. ಮರುವರ್ಷ ಬಂದ ಗೋಲ್ಡಿಯ ‘ಟೈಮ್‌ಲೆಸ್’ನ ಶೀರ್ಷಿಕೆ ಕೃತಿ 21 ನಿಮಿಷಗಳಷ್ಟು ದೀರ್ಘವಾಗಿದ್ದು, ಡಯಾನ್ ಶಾರ್ಲಮೇನ್‌ರ ಗಾಯನ ಅದರ ಭಾಗಗಳನ್ನು ಹೆಣೆಯುತ್ತದೆ. ರಾಬ್ ಪ್ಲೇಫರ್ಡ್ ನೆರವಿನಿಂದ ಸಿದ್ಧವಾದ ಅದರ ತಾಂತ್ರಿಕ ನಿಖರತೆ ಇಂದಿಗೂ ಬೆರಗು ಹುಟ್ಟಿಸುತ್ತದೆಯಾದರೂ, ಆಲ್ಬಮ್‌ನ ಉಳಿದ ಕೃತಿಗಳಲ್ಲಿ ಅದೇ ಎತ್ತರ ಉಳಿಯುವುದಿಲ್ಲ.

ಅದೇ 1995ರಲ್ಲಿ ಮ್ಯಾಂಚೆಸ್ಟರ್‌ನ ಜೆರಾಲ್ಡ್ ಸಿಂಪ್ಸನ್, ‘ಎ ಗೈ ಕಾಲ್ಡ್ ಜೆರಾಲ್ಡ್’ ಎಂಬ ಹೆಸರಿನಲ್ಲಿ, ತನ್ನದೇ ಜ್ಯೂಸ್ ಬಾಕ್ಸ್ ಸಂಸ್ಥೆಯಿಂದ ಹೊರತಂದ ‘ಬ್ಲ್ಯಾಕ್ ಸೀಕ್ರೆಟ್ ಟೆಕ್ನಾಲಜಿ’ಗೆ ಇಡೀ ಪರಂಪರೆಯಲ್ಲಿ ಪ್ರತ್ಯೇಕ ಸ್ಥಾನ ಸಲ್ಲಬೇಕು. 1988ರಲ್ಲಿ ‘ವೂಡೂ ರೇ’ ಕೃತಿಯಿಂದ ಬ್ರಿಟನ್ನಿನ ಹೌಸ್ ಸಂಗೀತಕ್ಕೆ ತನ್ನದೇ ದನಿ ಕೊಟ್ಟಿದ್ದ ಈತ ಇಲ್ಲಿ ಅದೇ ಕೃತಿಯನ್ನು ‘ವೂಡೂ ರೇಜ್’ ಎಂದು ಒಡೆದು ಕಟ್ಟಿದ್ದಾನೆ. ಸಮಕಾಲೀನರು ಬ್ರೇಕನ್ನು ಮುಂದಕ್ಕೆ ತಂದು ಪೆಟ್ಟಿನ ಹರಿತವನ್ನು ಹೆಚ್ಚಿಸುತ್ತಿದ್ದಾಗ, ಸಿಂಪ್ಸನ್ ಹಲವು ಬ್ರೇಕ್‌ಗಳನ್ನು ಒಂದರ ಮೇಲೊಂದು ಪದರವಾಗಿ ಹಾಸಿ, ಅವುಗಳ ಅಂಚುಗಳನ್ನು ಮೃದುಗೊಳಿಸಿ, ಯಾವ ಪೆಟ್ಟು ಯಾವ ಪದರದಿಂದ ಬಂತೆಂದು ಹೇಳಲಾಗದ ನೇಯ್ಗೆಯನ್ನು ಸಾಧಿಸಿದ. ಬಾಬ್ ಮಾರ್ಲೆಯ ಹಾಡೊಂದನ್ನು ಆಧರಿಸಿದ ‘ಫಿನ್ಲೀಸ್ ರೇನ್‌ಬೋ’ದಲ್ಲಿ ಫಿನ್ಲೀ ಕ್ವೇಯ ನಿಧಾನ ಗಾಯನದ ಕೆಳಗೆ ಲಯ ಎರಡು ಪಟ್ಟು ವೇಗದಲ್ಲಿ ಹರಿದರೂ ಕೇಳುಗರಿಗೆ ಧಾವಂತ ತಟ್ಟುವುದಿಲ್ಲ. ವೇಗವನ್ನು ಶಾಂತರಸಕ್ಕೆ ಒಗ್ಗಿಸಿದ ಈ ಆಲ್ಬಮ್‌ಗೆ ‘ಟೈಮ್‌ಲೆಸ್’ಗೆ ದೊರೆತ ಪ್ರಚಾರದ ಅಲ್ಪಾಂಶವೂ ದೊರೆಯದಿದ್ದುದು ವಿಷಾದದ ಸಂಗತಿ.

1996ರಲ್ಲಿ ಕ್ಯಾಲಿಫೋರ್ನಿಯಾದ ಜಾಶ್ ಡೇವಿಸ್, ಅಂದರೆ ಡಿಜೆ ಶ್ಯಾಡೋ, ವೇಗದ ಈ ಸ್ಪರ್ಧೆಯಿಂದ ಹೊರಗುಳಿದು ‘ಎಂಡ್‌ಟ್ರೊಡ್ಯೂಸಿಂಗ್’ ರಚಿಸಿದ. ಅಕಾಯ್ ಎಂಪಿಸಿ-60 ಎಂಬ ಸ್ಯಾಂಪ್ಲರ್‌ನಲ್ಲಿ, ಮರೆತುಹೋದ ಹಳೆಯ ತಟ್ಟೆಗಳಿಂದ ಆಯ್ದ ತುಣುಕುಗಳಿಂದಲೇ ಕಟ್ಟಿದ ಇದನ್ನು ಸಂಪೂರ್ಣವಾಗಿ ಸ್ಯಾಂಪಲ್‌ಗಳಿಂದ ರಚಿತವಾದ ಮೊದಲ ಆಲ್ಬಮ್ ಎಂದು ಗಿನ್ನೆಸ್ ದಾಖಲೆ ಗುರುತಿಸಿದೆ. ದಾಖಲೆಗಿಂತ ಗಮನಾರ್ಹವಾದದ್ದು ಅದರ ಡ್ರಮ್ಸ್ ಜೋಡಣೆ: ಬ್ರೇಕ್ ಒಂದು ಸುತ್ತಿನಿಂದ ಇನ್ನೊಂದಕ್ಕೆ ಸಣ್ಣಸಣ್ಣ ವ್ಯತ್ಯಾಸಗಳನ್ನು ಪಡೆಯುತ್ತ, ಜೀವಂತ ವಾದಕನೊಬ್ಬ ಯೋಚಿಸಿ ನುಡಿಸುತ್ತಿದ್ದಾನೆಂಬ ಭಾವ ಹುಟ್ಟಿಸುತ್ತದೆ.

ಬ್ರಿಟನ್ನಿನ ರಾಜಕೀಯವೂ ಈ ಸಂಗೀತದ ರಚನೆಯನ್ನು ನೇರವಾಗಿ ತಟ್ಟಿದ ಸಂದರ್ಭವೊಂದಿದೆ. 1992ರ ಕ್ಯಾಸಲ್‌ಮಾರ್ಟನ್ ಬಯಲುಕೂಟದ ಅನಂತರ ಸರ್ಕಾರ ತಂದ 1994ರ ಅಪರಾಧ ನ್ಯಾಯ ಮತ್ತು ಸಾರ್ವಜನಿಕ ಸುವ್ಯವಸ್ಥೆ ಕಾಯಿದೆ, ಪುನರಾವರ್ತನೆಯಾಗುವ ಲಯದ ಸಂಗೀತವನ್ನು ನುಡಿಸುವ ರಾತ್ರಿಯ ಬಯಲುಕೂಟಗಳನ್ನು ತಡೆಯಲು ಪೊಲೀಸರಿಗೆ ಅಧಿಕಾರ ಕೊಟ್ಟಿತು. ಅದನ್ನು ಪ್ರತಿಭಟಿಸಿ ಆಟೆಕರ್ ಜೋಡಿ ‘ಆಂಟಿ’ ಎಂಬ ಕಿರು ಮುದ್ರಿಕೆಯನ್ನು ಹೊರತಂದು, ಅದರ ‘ಫ್ಲಟರ್’ ಕೃತಿಯಲ್ಲಿ ಯಾವ ಎರಡು ಆವರ್ತಗಳೂ ಒಂದೇ ಆಗದಂತೆ ಲಯವನ್ನು ಹೆಣೆಯಿತು. ಕಾನೂನಿನ ವ್ಯಾಖ್ಯೆಯೊಂದು ಹೀಗೆ ಸಂಗೀತರಚನೆಯ ನಿಯಮವಾಗಿ ಪರಿಣಮಿಸಿದ ನಿದರ್ಶನ ಅಪರೂಪ. ಪುನರಾವರ್ತನೆಯನ್ನೇ ಬಿಟ್ಟುಕೊಟ್ಟರೂ ಲಯದ ಬಿಗಿ ಉಳಿಯಬಲ್ಲದೆಂದು ಈ ಪ್ರಯೋಗ ತೋರಿಸಿಕೊಟ್ಟಿತು.

ಆ ಸಾಧ್ಯತೆಯನ್ನು ತುದಿ ಮುಟ್ಟಿಸಿದವರಲ್ಲಿ ಜಂಗಲ್ ಕ್ಲಬ್‌ಗಳ ಹೊರಗಿನಿಂದ ಬಂದ ಸಂಗೀತಗಾರರು ಪ್ರಮುಖರು. ಕಾರ್ನ್‌ವಾಲ್‌ನ ರಿಚರ್ಡ್ ಜೇಮ್ಸ್, ಅಂದರೆ ಏಫೆಕ್ಸ್ ಟ್ವಿನ್, ‘ರಿಚರ್ಡ್ ಡಿ. ಜೇಮ್ಸ್ ಆಲ್ಬಮ್’ನಲ್ಲಿ (1996) ಡ್ರಮ್ಸ್‌ನ ತುಣುಕುಗಳನ್ನು ಪೆಟ್ಟುಗಳಾಗಿ ಎಣಿಸಲಾಗದಷ್ಟು ಸೂಕ್ಷ್ಮವಾಗಿ ಕತ್ತರಿಸಿ, ಅವುಗಳ ಮೇಲೆ ಮಕ್ಕಳ ಪದ್ಯಗಳಷ್ಟು ಸರಳವಾದ ರಾಗಗಳನ್ನೂ ತಂತಿವಾದ್ಯಗಳ ನಾದವನ್ನೂ ಹರಿಸಿದ. ಸುಮಾರು ಅರ್ಧ ಗಂಟೆಯಲ್ಲಿ ಮುಗಿಯುವ ಇದರಲ್ಲಿ ಒಂದು ಕ್ಷಣವೂ ವ್ಯರ್ಥವಾಗಿಲ್ಲ. ಮೈಕ್ ಪ್ಯಾರಡಿನಾಸ್‌ನ ‘ಲೂನಾಟಿಕ್ ಹಾರ್ನೆಸ್’ (1997) ಇದೇ ಜಾಡಿನದು. ಇಂಥ ಸಂಗೀತವನ್ನು ಜಂಗಲ್‌ನ ಅಣಕವೆಂದು ಆಗ ಕೆಲವರು ತಳ್ಳಿಹಾಕಿದ್ದುಂಟು. ಲಂಡನ್ನಿನ ಕಪ್ಪು ಯುವಜನರು ಕಟ್ಟಿದ ಸಂಗೀತದ ಕೀರ್ತಿ ಬೇರೆಯವರ ಪಾಲಾಯಿತೆಂಬ ಆಕ್ಷೇಪದಲ್ಲಿ ಸತ್ಯಾಂಶವೂ ಇದೆ. ಆದರೆ ಆ ಆಕ್ಷೇಪ ಕೃತಿಗಳ ಗುಣವನ್ನು ಅಳೆಯುವ ಮಾನದಂಡವಾಗಲಾರದು. ಬ್ರಿಸ್ಟಲ್‌ನ ರೋನಿ ಸೈಜ್ ಮತ್ತು ರೆಪ್ರಝೆಂಟ್ ತಂಡದ ‘ನ್ಯೂ ಫಾರ್ಮ್ಸ್’ 1997ರ ಮರ್ಕ್ಯುರಿ ಪ್ರಶಸ್ತಿಯನ್ನು ಗೆದ್ದುದು ಮೂಲ ಧಾರೆಗೆ ಸಂದ ಮನ್ನಣೆಯಾಗಿತ್ತು.

ಭಾರತೀಯ ಲಯದೊಂದಿಗೆ ಈ ಧಾರೆಯ ಸಂಬಂಧ ಕಲ್ಪಿತವಲ್ಲ. ಲಂಡನ್ನಿನ ಹಾಕ್ಸ್‌ಟನ್ ಚೌಕದ ಬ್ಲೂ ನೋಟ್ ಕ್ಲಬ್‌ನಲ್ಲಿ ಭಾನುವಾರ ಗೋಲ್ಡಿಯ ಮೆಟಲ್‌ಹೆಡ್ಸ್ ಬಳಗ ಸಂಗೀತ ನುಡಿಸಿದರೆ, ಸೋಮವಾರದ ರಾತ್ರಿ ತಬಲಾವಾದಕ ತಲ್ವಿನ್ ಸಿಂಗ್ ‘ಅನೋಖಾ’ ಕಾರ್ಯಕ್ರಮ ನಡೆಸುತ್ತಿದ್ದ. ಅಲ್ಲಿಂದ ಹೊರಟ 1997ರ ಸಂಕಲನವೂ 1999ರಲ್ಲಿ ಮರ್ಕ್ಯುರಿ ಪ್ರಶಸ್ತಿ ಪಡೆದ ‘ಓಕೆ’ (1998) ಆಲ್ಬಮ್ಮೂ ತಬಲಾದ ಬೋಲ್‌ಗಳನ್ನು ಅಲಂಕಾರವಾಗಿ ಬಳಸದೆ, ಬ್ರೇಕ್‌ನ ಜಾಗದಲ್ಲಿಯೇ ಕೂರಿಸಿದವು. ಕತ್ತರಿಸಿದ ಪೆಟ್ಟುಗಳಿಂದ ಹೊಸ ವಾಕ್ಯ ಕಟ್ಟುವ ಕೆಲಸ ಬೋಲ್ ಮತ್ತು ಸೊಲ್ಲುಗಳ ಪರಂಪರೆಯಲ್ಲಿ ಬೆಳೆದವರಿಗೆ ಶಾಸ್ತ್ರದ ಮೊದಲ ಪಾಠವೇ ಆದುದರಿಂದ, ಈ ಕೂಡಿಕೆ ಒತ್ತಾಯದ್ದೆನಿಸುವುದಿಲ್ಲ.

ಕತ್ತರಿಕೆ ಇಷ್ಟು ಮುಂದುವರಿದ ಮೇಲೆ ಟಾಮ್ ಜೆಂಕಿನ್ಸನ್, ಅಂದರೆ ಸ್ಕ್ವೇರ್‌ಪುಶರ್, ತೆಗೆದುಕೊಂಡ ತೀರ್ಮಾನ ಈ ಚರಿತ್ರೆಯ ದೊಡ್ಡ ತಿರುವು. ‘ಹಾರ್ಡ್ ನಾರ್ಮಲ್ ಡ್ಯಾಡಿ’ಯಲ್ಲಿ (1997) ತನ್ನದೇ ಬೇಸ್ ಗಿಟಾರ್ ವಾದನವನ್ನು ಯಂತ್ರದ ಡ್ರಮ್ಸ್‌ಗೆ ಎದುರು ನಿಲ್ಲಿಸಿದ್ದ ಈತ, ಮರುವರ್ಷ ‘ಮ್ಯೂಸಿಕ್ ಈಸ್ ರಾಟೆಡ್ ಒನ್ ನೋಟ್’ನಲ್ಲಿ ಸೀಕ್ವೆನ್ಸರನ್ನು, ಅಂದರೆ ಸ್ವರ ಮತ್ತು ಪೆಟ್ಟುಗಳ ಅನುಕ್ರಮವನ್ನು ಕಾಯ್ದಿಟ್ಟು ನುಡಿಸುವ ಸಾಧನವನ್ನು, ಬದಿಗಿಟ್ಟು ಡ್ರಮ್ಸ್ ಸಹಿತ ಎಲ್ಲ ವಾದ್ಯಗಳನ್ನೂ ಸ್ವತಃ ನುಡಿಸಿದ. ಸುಲಭವಾಗಿ ಒಲಿಯುವ ಆಲ್ಬಮ್ ಇದಲ್ಲ. ಆದರೆ ಯಂತ್ರದ ಕತ್ತರಿಕೆಯನ್ನು ವರ್ಷಗಟ್ಟಲೆ ಕೇಳಿ ಪಳಗಿದ ಕೈ ಮತ್ತೆ ಡ್ರಮ್ಸ್ ಹಿಡಿದಾಗ ಲಯದ ಯೋಚನೆ ಹೇಗೆ ಬದಲಾಗಿರುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ದಾಖಲೆ ಬೇರೊಂದಿಲ್ಲ.

ಇದಕ್ಕೆ ತದ್ವಿರುದ್ಧವಾದ ದಾರಿ ಕೆನಡಾದ ವಿನ್ನಿಪೆಗ್‌ನ ಆ್ಯರನ್ ಫಂಕ್, ಅಂದರೆ ವೆನೀಷಿಯನ್ ಸ್ನೇರ್ಸ್‌ನದು. ಈತ ಬಳಸಿದ್ದು ಟ್ರ್ಯಾಕರ್ ಎಂಬ ತಂತ್ರಾಂಶ. ಅದರಲ್ಲಿ ಸಂಗೀತ ಪರದೆಯ ಮೇಲಿನಿಂದ ಕೆಳಕ್ಕೆ ಸಾಗುವ ಅಂಕಿಗಳ ಸಾಲುಗಳಾಗಿ ಕಾಣುತ್ತದೆ, ಪ್ರತಿ ಪೆಟ್ಟನ್ನೂ ಕೈಯಿಂದಲೇ ಬರೆಯಬೇಕಾಗುತ್ತದೆ. ಹಂಗೇರಿಯನ್ ಭಾಷೆಯ ಶೀರ್ಷಿಕೆ ಹೊತ್ತ ‘ರಾಸ್ ಚಿಲ್ಲಗ್ ಅಲಾತ್ ಸೂಲೆತೆತ್’ (2005) ಆಲ್ಬಮ್‌ನ ಬಹುಪಾಲು ಕೃತಿಗಳು ಏಳು ಎಣಿಕೆಯ ಆವರ್ತದಲ್ಲಿವೆ. ಮಿಶ್ರಚಾಪಿಗೆ ಒಗ್ಗಿದ ಕಿವಿಗೆ ಆ ನಡೆ ಬೇಗನೆ ಹಿಡಿತಕ್ಕೆ ಸಿಗುತ್ತದೆ. ಪಿಟೀಲು, ಚೆಲ್ಲೋಗಳ ವಿಷಣ್ಣ ಸಂಚಾರದಿಂದ ಆರಂಭವಾಗುವ ಈ ಕೃತಿಗಳಲ್ಲಿ ಡ್ರಮ್ಸ್ ತಡವಾಗಿ ಪ್ರವೇಶಿಸಿ, ತಂತಿವಾದ್ಯಗಳ ಶೋಕವನ್ನು ಮುಚ್ಚಿಹಾಕದೆ ಅದನ್ನೇ ಕದಡಿದ ದನಿಯಲ್ಲಿ ಮುಂದುವರಿಸುತ್ತದೆ. ಅದುವರೆಗೆ ಉತ್ಸಾಹ, ಉನ್ಮಾದ, ಆತಂಕಗಳಿಗೆ ಮೀಸಲಾಗಿದ್ದ ಬ್ರೇಕ್ ಇಲ್ಲಿ ಕರುಣರಸವನ್ನು ಹೊತ್ತು ನಿಂತಿದೆ.