ಹೇಜಿಂಗ್
ಅಮೆರಿಕದ ಕಾಲೇಜುಗಳಿಗೆ ಈ ಪದ ಬಂದದ್ದು ಹಡಗಿನಿಂದ. ನಾವಿಕರನ್ನು ಬಗ್ಗಿಸಲು ಬೇಕಿಲ್ಲದ ಕೆಲಸ ಹಚ್ಚಿ ಸುಸ್ತುಹೊಡೆಸುವುದಕ್ಕೆ ‘ಹೇಜ್’ ಎನ್ನುತ್ತಿದ್ದರು. ರಿಚರ್ಡ್ ಹೆನ್ರಿ ಡೇನಾ 1840ರಲ್ಲಿ ಹೊರತಂದ ಸಮುದ್ರಯಾನದ ಪುಸ್ತಕದಲ್ಲಿ ಈ ಬಳಕೆಯಿದೆ. ಆಮೇಲೆ ಅದು ಹೊಸ ವಿದ್ಯಾರ್ಥಿಗಳಿಗೆ ಕೊಡುವ ಕಾಟದ ಹೆಸರಾಯಿತು. ನಮ್ಮ ರ‍್ಯಾಗಿಂಗ್ ಹಾಸ್ಟೆಲಿಗೆ ಬಂದ ಹೊಸಬರನ್ನೆಲ್ಲ ಹುಡುಕಿಕೊಂಡು ಹೋಗುತ್ತದೆ. ಹೇಜಿಂಗ್ ಹೆಚ್ಚಾಗಿ ಫ್ರಾಟರ್ನಿಟಿ ಎಂಬ ವಿದ್ಯಾರ್ಥಿ ಸಂಘಕ್ಕೋ ಫುಟ್‌ಬಾಲ್ ತಂಡಕ್ಕೋ ಸೇರಬಯಸಿದವರಿಂದ ವಸೂಲು ಮಾಡುವ ಪ್ರವೇಶಶುಲ್ಕ. ಬಾಟಲಿಗಟ್ಟಲೆ ಮದ್ಯ ಕುಡಿಸುವುದೂ ಉಂಟು, ಜೀವಗಳೇ ಹೋಗಿವೆ. ‘ಅವನೇ ಒಪ್ಪಿದ್ದ’ ಎಂಬ ಸಬೂಬು (ಎಲ್ಲ ಊರಿನ ಸೀನಿಯರುಗಳ ಬಾಯಲ್ಲೂ ಇರುವುದೇ) ಅಲ್ಲಿನ ಹಲವು ರಾಜ್ಯಗಳ ಕಾನೂನಿನ ಮುಂದೆ ನಡೆಯದು. 2024ರ ಡಿಸೆಂಬರಿನಲ್ಲಿ ಬಂದ ಫೆಡರಲ್ ಕಾಯ್ದೆಯಂತೆ, ತಪ್ಪೆಸಗಿದ ಸಂಘಗಳ ಹೆಸರನ್ನು ಕಾಲೇಜುಗಳೇ ಬಹಿರಂಗಪಡಿಸಬೇಕು. ಕರ್ನಾಟಕದಲ್ಲಿ 1983ರ ಶಿಕ್ಷಣ ಕಾಯ್ದೆಯೇ ರ‍್ಯಾಗಿಂಗನ್ನು ಶಿಕ್ಷಾರ್ಹವಾಗಿಸಿದೆ.