ಹಾರುವ ಕ್ಯಾಮೆರಾದ ಹಿಂದಿನ ಕಸುಬುಗಳು

ಜನಸಾಮಾನ್ಯರು ಅಂಗಡಿಯಲ್ಲಿ ಕೊಂಡು, ಹೆಚ್ಚಿನ ತರಬೇತಿಯಿಲ್ಲದೆ ಹಾರಿಸಬಲ್ಲ ಪುಟ್ಟ ಕ್ಯಾಮೆರಾ ಡ್ರೋನ್ 2010ರ ದಶಕದಲ್ಲಿ ಮೈತಳೆದ ವಸ್ತು. ಸೈನ್ಯಕ್ಕೆ ಅಥವಾ ಭೂಮಾಪನಕ್ಕೆಂದು ಸಿದ್ಧವಾಗುವ ಡ್ರೋನ್‌ಗಳಿಂದ ಬೇರ್ಪಡಿಸಿ ಇದನ್ನು ಗ್ರಾಹಕ ಡ್ರೋನ್ ಎಂದು ಕರೆಯುತ್ತಾರೆ. ಮಧ್ಯಮ ವರ್ಗದ ಕೈಗೆಟುಕುವ ಬೆಲೆ, ಬೃಹತ್ ಸಂಖ್ಯೆಯ ಉತ್ಪಾದನೆ ಮತ್ತು ಪೆಟ್ಟಿಗೆಯಿಂದ ತೆಗೆದೊಡನೆ ಹಾರುವ ಸರಳತೆ ಇದರ ಮುಖ್ಯ ಲಕ್ಷಣಗಳು. ಇಂಥ ಡ್ರೋನನ್ನು ತಮ್ಮ ನೆಲದಲ್ಲಿಯೇ ತಯಾರಿಸಲು ಮೊದಲು ಅಮೆರಿಕದಲ್ಲಿ, ಅನಂತರ ಭಾರತದಲ್ಲಿ ನಡೆದ ಪ್ರಯತ್ನಗಳನ್ನು ಒಟ್ಟಿಗೆ ಇಟ್ಟು ನೋಡಿದರೆ, ಎರಡೂ ದೇಶಗಳಲ್ಲಿ ಹಾರಾಟದ ವಿದ್ಯೆಗೆ ಕೊರತೆಯಿರಲಿಲ್ಲವೆಂಬುದೂ, ಆ ವಿದ್ಯೆಗೆ ದೇಹ ಕೊಡಬೇಕಾದ ಮೋಟರು, ಬ್ಯಾಟರಿ, ಕ್ಯಾಮೆರಾ ಮುಂತಾದ ಬಿಡಿಭಾಗಗಳ ಕಸುಬುಗಳೇ ದೂರ ಉಳಿದವೆಂಬುದೂ ಸ್ಪಷ್ಟವಾಗುತ್ತದೆ.

ನಾಲ್ಕು ರೆಕ್ಕೆಗಳ ಒಂದು ಡ್ರೋನಿಗೆ ನಾಲ್ಕು ಬ್ರಷ್‌ಲೆಸ್ ಮೋಟರುಗಳು, ಅಂದರೆ ಇಂಗಾಲದ ಬ್ರಷ್‌ಗಳ ಉಜ್ಜಾಟವಿಲ್ಲದೆ, ತಂತಿಸುರುಳಿಗಳಿಗೆ ಹರಿಯುವ ವಿದ್ಯುತ್ತನ್ನು ವಿದ್ಯುನ್ಮಾನ ಮಂಡಲದಿಂದಲೇ ಬದಲಿಸುತ್ತ ತಿರುಗುವ ಮೋಟರುಗಳು ಬೇಕು. ಅವುಗಳಿಗೆ ಶಕ್ತಿ ಕೊಡಲು ಹಗುರವಾದ ಲಿಥಿಯಂ ಬ್ಯಾಟರಿಯೂ, ವಾಲಿಕೆ ಮತ್ತು ವೇಗವನ್ನು ಕ್ಷಣಕ್ಷಣಕ್ಕೂ ಅಳೆಯುವ ಸೆನ್ಸರುಗಳನ್ನು ಹೊತ್ತ ನಿಯಂತ್ರಣ ಫಲಕವೂ, ಡ್ರೋನ್ ಎಷ್ಟೇ ವಾಲಿದರೂ ಕ್ಯಾಮೆರಾವನ್ನು ಅಲುಗದಂತೆ ಹಿಡಿಯುವ ಗಿಂಬಲ್ ಎಂಬ ಚಲಿಸುವ ಚೌಕಟ್ಟೂ, ದೂರದಿಂದ ಚಿತ್ರ ರವಾನಿಸುವ ರೇಡಿಯೋ ವ್ಯವಸ್ಥೆಯೂ ಸೇರುತ್ತವೆ. ಇವುಗಳಲ್ಲಿ ಕ್ಯಾಮೆರಾ, ಬ್ಯಾಟರಿ ಮತ್ತು ಚಲನೆಯ ಸೆನ್ಸರುಗಳನ್ನು ಅಗ್ಗವಾಗಿಸಿದ್ದು ಸ್ಮಾರ್ಟ್‌ಫೋನ್ ಉದ್ಯಮ. ಕೋಟ್ಯಂತರ ಫೋನುಗಳಿಗಾಗಿ ಉತ್ಪಾದನೆ ಹೆಚ್ಚಿದಂತೆ ಅವುಗಳ ಬೆಲೆ ಕುಸಿದು, ಹಿಂದೆ ವಿಮಾನಗಳಿಗಷ್ಟೇ ಮೀಸಲಾಗಿದ್ದ ಸ್ಥಿರ ಹಾರಾಟದ ಸೌಲಭ್ಯ ಆಟಿಕೆಯ ಗಾತ್ರಕ್ಕೆ ಇಳಿಯಿತು. 1980ರಲ್ಲಿ ಚೀನಾದ ವಿಶೇಷ ಆರ್ಥಿಕ ವಲಯವಾದ ಶೆನ್‌ಜೆನ್ ನಗರವು ಮುಂದಿನ ಮೂರು ದಶಕಗಳಲ್ಲಿ ಆ ಉದ್ಯಮದ ಕೇಂದ್ರವಾಗಿ ಬೆಳೆದಿದ್ದರಿಂದ, ಡ್ರೋನ್ ತಯಾರಕನಿಗೆ ಬೇಕಾದ ಅಚ್ಚು ಮಾಡುವವನಿಂದ ಹಿಡಿದು ಸರ್ಕಿಟ್ ಬೋರ್ಡು ಜೋಡಿಸುವವನವರೆಗೆ ಎಲ್ಲರೂ ಒಂದೇ ಊರಿನಲ್ಲಿ ಸಿಗುವಂತಾಯಿತು.

ಅಮೆರಿಕವು ಈ ಕಸುಬುಗಳಲ್ಲಿ ಕೆಲವನ್ನು ಕಳೆದುಕೊಂಡಿದ್ದು ಗ್ರಾಹಕ ಡ್ರೋನಿನ ಕಲ್ಪನೆ ಮೂಡುವುದಕ್ಕೂ ಮುಂಚೆಯೇ. ಡ್ರೋನ್ ಮೋಟರಿನ ಬಲಕ್ಕೆ ಮೂಲವಾದ ನಿಯೋಡೈಮಿಯಂ ಅಯಸ್ಕಾಂತವನ್ನು 1980ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಜನರಲ್ ಮೋಟರ್ಸ್ ಮತ್ತು ಜಪಾನಿನ ಸುಮಿಟೊಮೊ ಸಂಸ್ಥೆಗಳು ಸ್ವತಂತ್ರವಾಗಿ ಕಂಡುಹಿಡಿದವು. ಜನರಲ್ ಮೋಟರ್ಸ್ ಇದನ್ನು ತಯಾರಿಸಲು ಇಂಡಿಯಾನಾ ರಾಜ್ಯದಲ್ಲಿ ಮ್ಯಾಗ್ನೆಕ್ವೆಂಚ್ ಎಂಬ ಘಟಕವನ್ನು ಕಟ್ಟಿತಾದರೂ, 1995ರಲ್ಲಿ ಚೀನೀ ಕಂಪನಿಗಳು ಪಾಲುದಾರರಾಗಿದ್ದ ಕೂಟಕ್ಕೆ ಅದನ್ನು ಮಾರಿತು. ಕೆಲವೇ ವರ್ಷಗಳಲ್ಲಿ ಉತ್ಪಾದನೆ ಚೀನಾಕ್ಕೆ ಸ್ಥಳಾಂತರಗೊಂಡಿತು. ಲಿಥಿಯಂ ಅಯಾನ್ ಬ್ಯಾಟರಿಯ ಮೂಲಸಂಶೋಧನೆಯಲ್ಲಿ ಅಮೆರಿಕದ ವಿಜ್ಞಾನಿಗಳ ಪಾಲು ದೊಡ್ಡದಾಗಿದ್ದರೂ, ಅದನ್ನು 1991ರಲ್ಲಿ ಮಾರುಕಟ್ಟೆಗೆ ತಂದದ್ದು ಜಪಾನಿನ ಸೋನಿ ಕಂಪನಿ. ಹೀಗೆ ಪ್ರಯೋಗಾಲಯದ ಅರಿವು ಒಂದೆಡೆ ಉಳಿದು, ಕಾರ್ಖಾನೆಯ ಕೈಚಳಕ ಇನ್ನೊಂದೆಡೆ ಬೆಳೆಯಿತು.

ಈ ಹಿನ್ನೆಲೆಯಲ್ಲಿ 2009ರಲ್ಲಿ ಸ್ಥಾಪನೆಯಾದ 3ಡಿ ರೊಬೊಟಿಕ್ಸ್ ಕಂಪನಿಯ ಚರಿತ್ರೆಗೆ ವಿಶೇಷ ಮಹತ್ವವಿದೆ. ‘ವೈರ್ಡ್’ ಪತ್ರಿಕೆಯ ಸಂಪಾದಕರಾಗಿದ್ದ ಕ್ರಿಸ್ ಆಂಡರ್ಸನ್ ಹವ್ಯಾಸಿಗಳ ಬಳಗವೊಂದನ್ನು ಕಟ್ಟಿ, ಅದರ ಮೂಲಕ ಪರಿಚಿತನಾದ ಮೆಕ್ಸಿಕೋ ಮೂಲದ ಯುವಕ ಜೋರ್ಡಿ ಮುನ್ಯೋಸ್ ಜೊತೆಗೂಡಿ ಈ ಕಂಪನಿಯನ್ನು ಆರಂಭಿಸಿದರು. ಗಡಿಯ ಈಚೆಗೆ ಸ್ಯಾನ್ ಡಿಯಾಗೋ, ಆಚೆಗೆ ಮೆಕ್ಸಿಕೋದ ಟಿಹುವಾನಾ ನಗರಗಳಲ್ಲಿ ಕೆಲಸ ಹಂಚಿಕೊಂಡು ಏಷ್ಯಾದ ಕಾರ್ಖಾನೆಗಳಿಗೆ ಪರ್ಯಾಯ ಕಟ್ಟುವುದು ಅವರ ಆಶಯವಾಗಿತ್ತು. ಹವ್ಯಾಸಿಗಳಿಗೆ ಬಿಡಿಭಾಗ ಮಾರುವ ಹಂತದಲ್ಲಿ ಈ ವ್ಯವಸ್ಥೆ ಚೆನ್ನಾಗಿಯೇ ನಡೆಯಿತು. ಆದರೆ ಜನಸಾಮಾನ್ಯರಿಗೆಂದು 2015ರಲ್ಲಿ ಸೋಲೋ ಎಂಬ ಮಾದರಿಯನ್ನು ದೊಡ್ಡ ಪ್ರಮಾಣದಲ್ಲಿ ತರುವ ಹೊತ್ತಿಗೆ, ಅದರ ತಯಾರಿಕೆಯನ್ನು ಚೀನಾದ ಗುತ್ತಿಗೆ ಕಾರ್ಖಾನೆಗೆ ವಹಿಸದೆ ಬೇರೆ ದಾರಿಯಿರಲಿಲ್ಲ. ಅಷ್ಟಾದರೂ ಗಿಂಬಲ್‌ಗಳ ಪೂರೈಕೆ ತಡವಾಗಿ, ಕ್ಯಾಮೆರಾವನ್ನು ಅಲುಗದಂತೆ ಹಿಡಿಯಲಾರದ ಡ್ರೋನ್‌ಗಳು ಅಂಗಡಿ ಸೇರಿದವು. ಮರುವರ್ಷವೇ ಕಂಪನಿ ಗ್ರಾಹಕ ಮಾರುಕಟ್ಟೆಯನ್ನು ತೊರೆಯಿತು.

ಸೋಲೋಗೆ ಎದುರಾಗಿ ನಿಂತದ್ದು ಶೆನ್‌ಜೆನ್‌ನ ಡಿಜೆಐ ಕಂಪನಿ. ಹಾಂಗ್‌ಕಾಂಗ್‌ನಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ಪುಟ್ಟ ಹೆಲಿಕಾಪ್ಟರುಗಳ ನಿಯಂತ್ರಣದಲ್ಲಿ ಮುಳುಗಿದ್ದ ಫ್ರಾಂಕ್ ವಾಂಗ್ 2006ರಲ್ಲಿ ಸ್ಥಾಪಿಸಿದ ಈ ಕಂಪನಿ, 2013ರ ಆರಂಭದಲ್ಲಿ 679 ಡಾಲರಿನ ಫ್ಯಾಂಟಮ್ ಮಾದರಿಯನ್ನು ಬಿಡುಗಡೆ ಮಾಡಿತು. ನಿಯಂತ್ರಣ ಫಲಕ, ಗಿಂಬಲ್, ಕ್ಯಾಮೆರಾ ಮತ್ತು ರೇಡಿಯೋ ವ್ಯವಸ್ಥೆಗಳನ್ನು ಒಂದೊಂದಾಗಿ ತನ್ನ ಕೈಗೆ ತೆಗೆದುಕೊಂಡಿದ್ದರಿಂದಲೂ, ಕಾರ್ಖಾನೆ ಮತ್ತು ವಿನ್ಯಾಸಕಾರರು ಒಂದೇ ಊರಿನಲ್ಲಿದ್ದುದರಿಂದಲೂ, ಅದು ವರ್ಷಕ್ಕೊಂದು ಹೊಸ ಮಾದರಿ ತರುತ್ತ ಹಳೆಯದರ ಬೆಲೆ ಇಳಿಸುತ್ತ ಹೋಯಿತು. 2016ರ ಸೆಪ್ಟೆಂಬರಿನಲ್ಲಿ ಅಮೆರಿಕದ ಗೋಪ್ರೋ ಕಂಪನಿ ಕರ್ಮ ಎಂಬ ಡ್ರೋನನ್ನು ಪ್ರಕಟಿಸಿದ ಕೆಲವೇ ದಿನಗಳಲ್ಲಿ ಡಿಜೆಐ ಮಡಚಿಡಬಹುದಾದ ಮಾವಿಕ್ ಪ್ರೋ ತಂದಿತು. ಹಾರುವಾಗಲೇ ವಿದ್ಯುತ್ ಕಡಿತಗೊಳ್ಳುವ ದೋಷದಿಂದ ಸುಮಾರು 2,500 ಕರ್ಮ ಡ್ರೋನ್‌ಗಳನ್ನು ಹಿಂಪಡೆಯಬೇಕಾಗಿ ಬಂದ ಗೋಪ್ರೋ, 2018ರ ಜನವರಿಯಲ್ಲಿ ಈ ವ್ಯವಹಾರದಿಂದ ಹೊರನಡೆಯುವುದಾಗಿ ಘೋಷಿಸಿತು.

ಅಮೆರಿಕದ ನೆಲದಲ್ಲಿಯೇ ಜೋಡಿಸಿ ಮಾರಬಹುದೆಂದು ಗಂಭೀರವಾಗಿ ತೋರಿಸಿಕೊಟ್ಟದ್ದು 2014ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿದ ಸ್ಕೈಡಿಯೋ ಕಂಪನಿ. ಅದರ ಡ್ರೋನ್ ಮರಗಿಡಗಳ ನಡುವೆ ತಾನೇ ದಾರಿ ಕಂಡುಕೊಂಡು ಹಾರುವುದರಲ್ಲಿ ಎದುರಾಳಿಗಳನ್ನು ಮೀರಿಸಿತ್ತು. 2018ರಲ್ಲಿ 2,499 ಡಾಲರ್ ಇದ್ದ ಬೆಲೆಯನ್ನು ಮರುವರ್ಷದ ಮಾದರಿಯಲ್ಲಿ 999 ಡಾಲರಿಗೆ ಇಳಿಸುವಲ್ಲಿಯೂ ಅದು ಯಶಸ್ವಿಯಾಯಿತು. ಆದರೂ 2023ರ ಆಗಸ್ಟಿನಲ್ಲಿ ಅದು ಗ್ರಾಹಕ ಮಾರುಕಟ್ಟೆಯನ್ನು ಬಿಟ್ಟು ಸರ್ಕಾರ ಮತ್ತು ಉದ್ಯಮಗಳ ಕಡೆಗೆ ತಿರುಗಿತು. 2024ರ ಅಕ್ಟೋಬರಿನಲ್ಲಿ ಚೀನಾ ವಿಧಿಸಿದ ನಿರ್ಬಂಧದಿಂದ ಬ್ಯಾಟರಿ ಪೂರೈಕೆ ನಿಂತುಹೋಗಿ, ಡ್ರೋನಿಗೆ ಒಂದೇ ಬ್ಯಾಟರಿಯಂತೆ ಹಂಚಬೇಕಾದ ಸ್ಥಿತಿ ಅದಕ್ಕೆ ಒದಗಿತು. ಜೋಡಣೆ ಸ್ವದೇಶದಲ್ಲಿದ್ದರೂ ಒಂದು ಬಿಡಿಭಾಗದ ಮೂಲ ಹೊರಗಿದ್ದರೆ ಸ್ವಾವಲಂಬನೆ ಎಷ್ಟು ದುರ್ಬಲವೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಸಿಗುವುದು ಕಷ್ಟ.

ಭಾರತದ ಚರಿತ್ರೆ ಇನ್ನೊಂದು ಕೊರತೆಯನ್ನು ತೋರಿಸುತ್ತದೆ. ನಾಗರಿಕ ವಿಮಾನಯಾನ ಮಹಾನಿರ್ದೇಶನಾಲಯವು 2014ರ ಅಕ್ಟೋಬರಿನಲ್ಲಿ ನಾಗರಿಕರ ಡ್ರೋನ್ ಬಳಕೆಯನ್ನು ತಡೆಹಿಡಿಯಿತು. 2018ರ ಡಿಸೆಂಬರಿನಲ್ಲಿ ಜಾರಿಗೆ ಬಂದ ನಿಯಮಗಳು ಬಾಗಿಲನ್ನು ಅರೆ ತೆರೆದವು. 2021ರ ಆಗಸ್ಟಿನ ಡ್ರೋನ್ ನಿಯಮಗಳು ಅರ್ಜಿ ನಮೂನೆಗಳ ಸಂಖ್ಯೆಯನ್ನು 25ರಿಂದ 5ಕ್ಕೆ ಇಳಿಸಿ ನಿಜವಾದ ಸಡಿಲಿಕೆ ತಂದವು. ಜಗತ್ತಿನ ಬೇರೆಡೆ ಹವ್ಯಾಸಿಗಳು ಬಿದ್ದು ಎದ್ದು ಕಲಿತು ಉದ್ಯಮಿಗಳಾದ ವರ್ಷಗಳು ಇಲ್ಲಿ ಹೀಗೆ ಅನುಮತಿಯ ನಿರೀಕ್ಷೆಯಲ್ಲಿ ಕಳೆದುಹೋದವು. ಆಂಡರ್ಸನ್ ಮತ್ತು ವಾಂಗ್ ಇಬ್ಬರೂ ಹವ್ಯಾಸದಿಂದಲೇ ಬಂದವರೆಂಬುದನ್ನು ನೆನೆದರೆ ಈ ನಷ್ಟದ ಆಳ ತಿಳಿಯುತ್ತದೆ. ಅನಂತರ ಕೇಂದ್ರ ಸರ್ಕಾರವು ಡ್ರೋನ್ ಮತ್ತು ಬಿಡಿಭಾಗಗಳ ತಯಾರಿಕೆಗೆ ಮೂರು ವರ್ಷಗಳಿಗೆ 120 ಕೋಟಿ ರೂಪಾಯಿಗಳ ಉತ್ಪಾದನಾ ಪ್ರೋತ್ಸಾಹಧನವನ್ನು ಪ್ರಕಟಿಸಿತು. 2022ರ ಫೆಬ್ರವರಿಯಲ್ಲಿ ರಕ್ಷಣೆ, ಭದ್ರತೆ ಮತ್ತು ಸಂಶೋಧನೆಯ ಅಗತ್ಯಗಳನ್ನು ಬಿಟ್ಟು ವಿದೇಶಿ ಡ್ರೋನ್‌ಗಳ ಆಮದನ್ನು ನಿಷೇಧಿಸಿ, ಬಿಡಿಭಾಗಗಳ ಆಮದನ್ನು ಮುಕ್ತವಾಗಿಯೇ ಇರಿಸಿತು.

ಈ ನೀತಿಯ ನೆರಳಿನಲ್ಲಿ ಭಾರತೀಯ ಕಂಪನಿಗಳು ಭದ್ರತೆ, ಭೂಮಾಪನ ಮತ್ತು ಕೃಷಿಯ ಡ್ರೋನ್‌ಗಳಲ್ಲಿ ನೆಲೆ ಕಂಡುಕೊಂಡವು. ಗ್ರಾಮಗಳ ಆಸ್ತಿಗಳನ್ನು ಡ್ರೋನ್ ಮೂಲಕ ಅಳೆಯುವ, 2020ರಲ್ಲಿ ಆರಂಭವಾದ ಸ್ವಾಮಿತ್ವ ಯೋಜನೆಯಂಥ ಸರ್ಕಾರಿ ಕಾರ್ಯಕ್ರಮಗಳು ಬೇಡಿಕೆಯನ್ನೂ ಸೃಷ್ಟಿಸಿದವು. ಆದರೆ ಮದುವೆಯ ಛಾಯಾಗ್ರಾಹಕ ಕೊಳ್ಳಬಲ್ಲ, ಬೆಲೆಯಲ್ಲಿಯೂ ಚಿತ್ರದ ಗುಣಮಟ್ಟದಲ್ಲಿಯೂ ವಿದೇಶಿ ಮಾದರಿಗೆ ಸಾಟಿಯಾದ ಡ್ರೋನ್ ಇದರಿಂದ ಹುಟ್ಟಲಿಲ್ಲ. ಸರ್ಕಾರಿ ಖರೀದಿಯಲ್ಲಿ ನೂರಾರು ಡ್ರೋನ್‌ಗಳ ಬೇಡಿಕೆಯೂ ಕಂಪನಿಯನ್ನು ಬದುಕಿಸಬಹುದು, ಗಿಂಬಲ್ ಅಥವಾ ಮೋಟರಿನ ಕಾರ್ಖಾನೆ ಬದುಕಲು ಮಾತ್ರ ಲಕ್ಷಗಟ್ಟಲೆ ಬೇಡಿಕೆ ಬೇಕು.

ಈ ವಿಷಯದಲ್ಲಿ ಕರ್ನಾಟಕದ ಅನುಭವಕ್ಕೆ ಎರಡು ಮುಖಗಳಿವೆ. ಬೆಂಗಳೂರಿನ ವೈಮಾನಿಕ ಅಭಿವೃದ್ಧಿ ಸಂಸ್ಥೆಯು ಲಕ್ಷ್ಯ ಎಂಬ ಚಾಲಕರಹಿತ ಗುರಿವಿಮಾನವನ್ನು ರೂಪಿಸಿ, ಹಾರಾಟ ನಿಯಂತ್ರಣದ ವಿದ್ಯೆ ಈ ನಗರದಲ್ಲಿ ಬಹಳ ಹಿಂದೆಯೇ ಇತ್ತೆಂಬುದನ್ನು ಸಾಬೀತುಪಡಿಸಿದೆ. ಆದರೆ ರಕ್ಷಣಾ ಪ್ರಯೋಗಾಲಯದ ವಿದ್ಯೆ ತಾನಾಗಿಯೇ ಅಂಗಡಿಯ ಸರಕಾಗುವುದಿಲ್ಲ. ಇನ್ನೊಂದು ಮುಖ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದೊಂದಿಗೆ ಆರಂಭವಾದ ಎಚ್‌ಎಂಟಿ ಗಡಿಯಾರ ಕಾರ್ಖಾನೆಯದು. ಅದು ಆಮದಾದ ಭಾಗಗಳ ಜೋಡಣೆಯಿಂದ ಕೆಲಸ ಕಲಿತು, ಕ್ರಮೇಣ ಗಡಿಯಾರದ ಒಳಭಾಗಗಳನ್ನು ತಾನೇ ತಯಾರಿಸುವ ಮಟ್ಟಕ್ಕೆ ಏರಿತು. ಯಂತ್ರೋಪಕರಣಗಳ ತಯಾರಿಕೆಯಲ್ಲಿ ಅದೇ ಸಂಸ್ಥೆ 1950ರ ದಶಕದಿಂದ ಗಳಿಸಿದ್ದ ಪರಿಣತಿಯೂ, ಕೈಗಡಿಯಾರ ಕೊಳ್ಳಲು ಕಾದಿದ್ದ ದೊಡ್ಡ ಜನಸಮುದಾಯವೂ ಅದಕ್ಕೆ ಆಧಾರವಾಗಿದ್ದವು.

ಡ್ರೋನ್ ವಿಷಯದಲ್ಲಿಯೂ ಸ್ವದೇಶಿ ತಯಾರಿಕೆಯ ದಾರಿ ಇದೇ ಆಗಿರಬೇಕು. ಆಮದು ನಿಷೇಧವು ಮಾರುಕಟ್ಟೆಯನ್ನು ಕಾಯ್ದಿರಿಸಬಲ್ಲದೇ ಹೊರತು ಕಸುಬನ್ನು ಕಲಿಸಲಾರದು. ಅಯಸ್ಕಾಂತ, ತಂತಿಸುರುಳಿ, ಬ್ಯಾಟರಿ ಕೋಶ ಮತ್ತು ಗಿಂಬಲ್‌ಗಳ ಸಣ್ಣ ಕಾರ್ಖಾನೆಗಳಿಗೆ ದೀರ್ಘಕಾಲದ ಬಂಡವಾಳವನ್ನೂ, ಅವುಗಳ ಸರಕು ಡ್ರೋನಿಗಷ್ಟೇ ಅಲ್ಲದೆ ವಿದ್ಯುತ್ ವಾಹನಕ್ಕೂ ಫ್ಯಾನಿಗೂ ಫೋನಿಗೂ ಸಲ್ಲುವಂಥ ವಿಶಾಲ ಬೇಡಿಕೆಯನ್ನೂ ಒದಗಿಸಿದಾಗ, ಮತ್ತು ಕಾಲೇಜು ವಿದ್ಯಾರ್ಥಿಗಳೂ ಹವ್ಯಾಸಿಗಳೂ ನಿರ್ಭಯವಾಗಿ ಕಟ್ಟಿ ಹಾರಿಸಿ ಕಲಿಯಲು ಅವಕಾಶ ಉಳಿದಾಗ ಮಾತ್ರ, ಇಲ್ಲಿಯೇ ಹುಟ್ಟಿದ ಗ್ರಾಹಕ ಡ್ರೋನ್ ಯಾವ ಸಂರಕ್ಷಣೆಯ ಹಂಗೂ ಇಲ್ಲದೆ ಅಂಗಡಿಯಲ್ಲಿ ತನ್ನ ಬೆಲೆಗೇ ನಿಲ್ಲಬಲ್ಲದು.